ಆಷಾಢದ ವಾರಂಟಿ

ಶೀಳನೆರೆಯ ಮರಿಸ್ವಾಮಿಗೆ ದೇವರು ಒಂದಿಷ್ಟು ಗದ್ದೆ ಕೊಟ್ಟಿದ್ದ, ಎರಡು ಸೀಮೆಹಸು ಕೊಟ್ಟಿದ್ದ, ಎಲ್ಲಕ್ಕಿಂತ ಧಾರಾಳವಾಗಿ ನಾಲಿಗೆ ಕೊಟ್ಟಿದ್ದ. ಡೇರಿಯಲ್ಲಿ ಹಾಲಿಗೆ ಫ್ಯಾಟು ಬರಲಿಲ್ಲವೆಂದರೂ, ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತೆಂದರೂ ಊರಿನವರು ಮೊದಲು ಬರುತ್ತಿದ್ದುದು ಅವನ ಮನೆ ಜಗಲಿಗೇ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬೈಕು ಹತ್ತಿ ಕೆ.ಆರ್. ಪೇಟೆಗೆ ಹೋದನೆಂದರೆ ಮಾತಿನಲ್ಲಿ ಗೆದ್ದೇ ಬರುತ್ತಿದ್ದ. ಗೆದ್ದಿದ್ದನ್ನು ವಾರಗಟ್ಟಲೆ ಹೇಳಿಕೊಂಡು ತಿರುಗುತ್ತಲೂ ಇದ್ದ, ಆ ಮಾತು ಬೇರೆ.

ಅವನ ಅವ್ವ ದೊಡ್ಡತಾಯಮ್ಮನದು ಇದಕ್ಕೆ ಪೂರಾ ತದ್ವಿರುದ್ಧ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಆದರೆ ಬದು ಒತ್ತಿದ ಜಗಳವಿರಲಿ, ನೀರಿನ ಸರದಿಯ ಜಗಳವಿರಲಿ, ಕೊನೆಗೆ ಊರು ಕೇಳುತ್ತಿದ್ದುದು "ದೊಡ್ಡತಾಯಮ್ಮ ಏನಂತದೆ?" ಅಂತಲೇ. ಕಂಡಿದ್ದನ್ನು ಕಂಡೆ ಅನ್ನುತ್ತಿದ್ದಳು, ಕಾಣದ್ದನ್ನು ಕಂಡಿಲ್ಲ ಅನ್ನುತ್ತಿದ್ದಳು, ಅಲ್ಲಿಗೆ ಜಗಳ ಮುಗಿಯುತ್ತಿತ್ತು. ನಾನು ಗಂಟಲು ಹರಿದುಕೊಂಡು ಗೆಲ್ಲುವುದನ್ನು ಅವ್ವ ಕೂತಲ್ಲೇ ಗೆಲ್ಲುತ್ತಾಳೆ ಎಂದು ಮರಿಸ್ವಾಮಿಯೇ ಹೆಮ್ಮೆಪಡುತ್ತಿದ್ದ.

ಹೋದ ವರ್ಷ ಇನ್ನೇನು ಆಷಾಢ ಹುಟ್ಟಬೇಕು ಅನ್ನುವಾಗ ಅವನು ಕೆ.ಆರ್. ಪೇಟೆಯ ನಾಗರಾಜುವಿನ ಅಂಗಡಿಯಿಂದ ಹೊಸ ಪವರ್ ಟಿಲ್ಲರ್ ತಂದ. ಆಷಾಢದಲ್ಲಿ ಹೊಸ ಸಾಮಾನು ಹೊಸಿಲು ದಾಟಿಸುವಂತಿಲ್ಲ, ಕಾದರೆ ಆ ಮಾಡೆಲ್ಲು ಕೈ ತಪ್ಪುತ್ತದೆ ಎಂದು ಅವಸರಪಟ್ಟು ತಂದಿದ್ದ. ಪೂಜೆಗೆ ಒಳ್ಳೆಯ ದಿನ ಉಳಿದಿರಲಿಲ್ಲ. ಅವ್ವ ಟಿಲ್ಲರಿನ ಮೂತಿಗೆ ಅರಿಶಿನ ಬಳಿದು, ಸಾಲಾಗಿ ಮೂರು ಬೊಟ್ಟು ಕುಂಕುಮ ಇಟ್ಟು, ಕೊಟ್ಟಿಗೆಯ ಮೂಲೆಯಲ್ಲಿ ಟಾರ್ಪಾಲು ಹೊದಿಸಿದಳು.

"ಸ್ರಾವಣ ಬರೋಗಂಟ ಯಾರೂ ಮುಟ್ಬ್ಯಾಡಿ," ಅಂದಳು.

ಶ್ರಾವಣದ ಮೊದಲ ಶುಕ್ರವಾರ ಅವಳೇ ಟಾರ್ಪಾಲು ಎಳೆದಳು. ಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿ ಟಿಲ್ಲರ್ ಶುರು ಮಾಡಿದರು. ಅಲ್ಲಿಂದ ಚೆನ್ನಾಗಿಯೇ ಓಡಿತು. ಈ ವರ್ಷದ ಆಷಾಢದ ನಡುವೆ, ಕೆರೆ ಕೆಳಗಿನ ಗದ್ದೆಯಲ್ಲಿ ಕೆಸರು ಉಳುತ್ತಿದ್ದಾಗ ಗೇರ್ ಬಾಕ್ಸಿನೊಳಗೆ ಕಟಕಟ ಸದ್ದು ಎದ್ದು, ಗದ್ದೆಯ ಮಧ್ಯದಲ್ಲೇ ನಿಂತುಬಿಟ್ಟಿತು.

ನಾಗರಾಜು ಅಂಗಡಿಯಲ್ಲಿ ಕೂತು ತಲೆ ಆಡಿಸಿದ. "ವಾರಂಟಿ ಒಂದ್ ವರ್ಸ, ಮರಿಸ್ವಾಮಣ್ಣ. ಬಿಲ್ಲು ಆಕಿದ್ ದಿನದಿಂದ ಲೆಕ್ಕ. ಮೊನ್ನೆ ಮೊನ್ನೆ ಮುಗ್ದೋಯ್ತು."

ಮರಿಸ್ವಾಮಿ ಅಂಗಿಯ ತೋಳು ಮಡಿಸಿದ. ಅಂಗಡಿಯಲ್ಲಿ ಇನ್ನೂ ನಾಲ್ಕೈದು ಜನ ಇದ್ದರು, ಅವನಿಗೆ ಅಷ್ಟು ಸಾಕಿತ್ತು.

"ಅಲ್ಲ ಕಣ್ಲಾ ನಾಗ್ರಾಜು, ಗಬ್ಬದ ಎಮ್ಮೆ ತತ್ತೀಯ. ಹಾಲಿನ ಲೆಕ್ಕ ತಂದ್ ದಿನದಿಂದ ಇಡೀತೀಯೋ, ಕರ ಆಕಿದ್ ದಿನದಿಂದ ಇಡೀತೀಯೋ? ಆಸಾಡದಾಗೆ ನಾವು ಮುಟ್ಟಾಕಿಲ್ಲ ಅಂತ ನಿಂಗೂ ಗೊತ್ತು. ಒಂದ್ ತಿಂಗ್ಳು ಟಾರ್ಪಾಲ್ ಕೆಳಗೆ ಮಲಗಿತ್ತಲ್ಲ, ಮಲಗಿದ್ದಕ್ಕೂ ವಾರಂಟಿ ಕರಗ್ತದಾ? ಕೆಲ್ಸಕ್ಕಿಳಿದ್ ದಿನದಿಂದ ಲೆಕ್ಕ ಆಕು."

ಜನ ನಕ್ಕರು. ನಿಜ ಕಣಪ್ಪ, ಮರಿಸ್ವಾಮಿ ಏಳೋದ್ರಾಗೆ ನ್ಯಾಯ ಐತೆ ಎಂದು ಒಬ್ಬ ಅಂದ. ನಾಗರಾಜು ಸೋತು, ಕಂಪನಿಯವರನ್ನೇ ಕಳಿಸುತ್ತೇನೆ, ಅವರು ಒಪ್ಪಿದರೆ ತನ್ನದೇನೂ ಅಡ್ಡಿಯಿಲ್ಲ ಅಂದ.

ನ್ಯಾಯ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಕೆಲಸಕ್ಕೇ ಇಳಿಯದ ಯಂತ್ರದ ವಾರಂಟಿ ಕೊಟ್ಟಿಗೆಯಲ್ಲಿ ಸವೆಯುವುದು ಯಾವ ಸೀಮೆಯ ಧರ್ಮ? ಆದರೆ ಆ ನ್ಯಾಯ ಮರಿಸ್ವಾಮಿಯದಾಗಿರಲಿಲ್ಲ. ಬೈಕು ಹತ್ತಿ ಊರಿನ ದಾರಿ ಹಿಡಿಯುವಾಗಲೇ ಅವನ ಮುಖ ಬಿಸಿಯೇರಿತ್ತು.

ಹೋದ ಆಷಾಢದಲ್ಲಿ ಅವ್ವ ಬಿಂಡಿಗನವಿಲೆಗೆ, ಮಗಳ ಮನೆಗೆ ಹೋಗಿದ್ದಳು. ಆಗ ಶ್ರೀರಂಗಪಟ್ಟಣದ ಪಕ್ಕದ ಕಿರಂಗೂರಿನಿಂದ ಬಾಮೈದ ಶಿವಶಂಕರ್ ಫೋನ್ ಮಾಡಿದ್ದ. ನಾಲೆಗೆ ನೀರು ಬಿಟ್ಟಿದ್ದಾರೆ, ನಾಟಿಗೆ ಬಿಟ್ಟ ಪೈರು ಸಸಿಮಡಿಯಲ್ಲೇ ಬಲಿಯುತ್ತಿದೆ, ಉಳುವುದಕ್ಕೆ ಒಂದು ಟಿಲ್ಲರೂ ಸಿಗುತ್ತಿಲ್ಲ ಭಾವ ಎಂದು ಗೋಳಾಡಿದ್ದ. ಬಾಮೈದನ ಕಷ್ಟ ನೋಡಲಾಗದೆ ಹೋದೆ ಎಂದು ಮರಿಸ್ವಾಮಿ ತನಗೆ ತಾನೇ ಹೇಳಿಕೊಂಡಿದ್ದುಂಟು. ಕಷ್ಟವೂ ಅಲ್ಲ, ಸುಡುಗಾಡೂ ಅಲ್ಲ. ಮಾವನ ಮನೆಯವರ ಮುಂದೆ ಹೊಸ ಟಿಲ್ಲರ್ ಓಡಿಸಬೇಕೆಂದು ಅವನಿಗೆ ಕೈ ತುರಿಸುತ್ತಿತ್ತು, ಅಷ್ಟೇ.

ಹೆಂಡತಿ ಸುನಿತಾ ತಡೆದಿದ್ದಳು. "ಅತ್ತೆಮ್ಮ ಏನಂದೋಗವ್ರೆ, ನೀವೇನ್ ಮಾಡ್ತಿದ್ದೀರಿ?"

"ಅವ್ವಂಗೆ ಏಳೋರ್ಯಾರು? ಬಾಯ್ ಮುಚ್ಕೊಂಡಿರು," ಅಂದಿದ್ದ.

ಟೆಂಪೋಗೆ ಹೇರಿಕೊಂಡು ಹೋಗಿ ಮೊಣಕಾಲುದ್ದದ ಕೆಸರಿನಲ್ಲಿ ಬಾಮೈದನ ಗದ್ದೆಯನ್ನೂ, ಹೊಗಳಿದ ಅಕ್ಕಪಕ್ಕದವರ ಗದ್ದೆಯನ್ನೂ ಉತ್ತ. ನಾಲೆಯಲ್ಲಿ ತಿಕ್ಕಿ ತೊಳೆದು ವಾಪಸು ತಂದಾಗ ಅವ್ವ ಬಳಿದ ಅರಿಶಿನವೂ ಇರಲಿಲ್ಲ, ಕುಂಕುಮವೂ ಇರಲಿಲ್ಲ. ದೇವರ ಮುಂದಿನ ತಟ್ಟೆ ತಂದು, ಅವಳು ಎಲ್ಲಿ ಇಟ್ಟಿದ್ದಳೋ ಅಲ್ಲೇ ಅರಿಶಿನ ಬಳಿದು, ಮೂರು ಬೊಟ್ಟು ಇಟ್ಟು, ಟಾರ್ಪಾಲು ಹೊದಿಸಿದ. ಬಿಂಡಿಗನವಿಲೆಯಿಂದ ಬಂದವಳೇ ಅವ್ವ ಟಾರ್ಪಾಲಿನ ಅಂಚು ಎತ್ತಿ ನೋಡಿದಳು. ಮತ್ತೆ ಹೊದಿಸಿ ಒಳಗೆ ಹೋದಳು.

ಪಾಂಡವಪುರದಲ್ಲಿದ್ದ ಕಂಪನಿಯ ಸರ್ವೀಸ್ ಆಫೀಸಿನಿಂದ ಮೇಘನ ಎಂಬ ಹುಡುಗಿ ಸ್ಕೂಟರಿನಲ್ಲಿ ಬಂದಳು. ನಾಗಮಂಗಲದ ಕಡೆಯ ಒಕ್ಕಲು ಮನೆಯವಳು. ಬಂದವಳೇ ಪ್ಯಾಂಟಿನ ಕಾಲು ಮಡಿಸಿ, ಗದ್ದೆಯಿಂದ ಕೊಟ್ಟಿಗೆಗೆ ಎಳೆದು ತಂದಿದ್ದ ಟಿಲ್ಲರಿನ ಪಕ್ಕದಲ್ಲೇ ಕೂತು ಗೇರ್ ಬಾಕ್ಸು ಬಿಚ್ಚಿಸಿದಳು. ಒಳಗೆ ಆಯಿಲಿನ ಜೊತೆ ಮಣ್ಣುನೀರು ಬೆರೆತಿತ್ತು.

"ನೀರು ತಡೆಯೋ ಸೀಲು ಹೋಗಿ ಯಾವ ಕಾಲ ಆಯ್ತೋ ಅಣ್ಣ," ಅಂದಳು. "ಎಷ್ಟು ಓಡಿದೆ ಅಂತ ತೋರ್ಸೋ ಮೀಟರೂ ಇದಕ್ಕಿಲ್ಲ. ಯಾವತ್ತು ಶುರು ಮಾಡಿದ್ದು?"

ಮರಿಸ್ವಾಮಿ ಶ್ರಾವಣ ಅಂದ. ಈ ಸಲ ಎಮ್ಮೆಯ ಮಾತು ನೆನಪಿಗೆ ಬರಲಿಲ್ಲ.

"ನಮ್ಮನೇಲೂ ಆಷಾಢದಲ್ಲಿ ಹೊಸ ಪೊರಕೆ ಕೂಡ ತರಲ್ಲ, ನಂಗೆ ಅರ್ಥ ಆಗತ್ತೆ. ಆದ್ರೆ ನೀವು ಹೇಳಿದ್ದನ್ನೇ ಬರ್ದು ಕಳ್ಸಿದ್ರೆ ಮೇಲಿನೋರು ಒಪ್ಪಲ್ಲ. ಬೇರೆ ಯಾರಾದ್ರೂ ನೋಡಿದೋರು ಇದಾರಾ?"

ಹಸುವಿಗೆ ಹುಲ್ಲು ಹಾಕುತ್ತಿದ್ದ ಅವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಯಾರೂ ಕರೆದಿರಲಿಲ್ಲ. ಟಿಲ್ಲರಿನ ಮೂತಿಯ ಮೇಲೆ ಕೈ ಇಟ್ಟಳು.

"ನಾನೇ ಇದ್ಕೆ ಅರ್ಸಣ ಕುಂಕ್ಮ ಇಟ್ಟಿದ್ದು ಕಣವ್ವ. ಸ್ರಾವಣದಾಗೆ ತೆಗುದ್ ನೋಡ್ದಾಗ ನಾನಿಟ್ಟಂಗೇ ಇತ್ತು. ನಡುವೆ ಯಾರೂ ಮುಟ್ಟಿಲ್ಲ."

"ಅಷ್ಟು ಸಾಕು ಅಜ್ಜಿ," ಅಂದಳು ಮೇಘನ. "ಶುರು ಮಾಡಿದ ದಿನದಿಂದಲೇ ಲೆಕ್ಕ ಹಾಕಿ ಅಂತ ನಾನೇ ಬರೀತೀನಿ. ನನ್ನ ಹೆಸರಲ್ಲೇ ಬರೀತೀನಿ."

ಮರಿಸ್ವಾಮಿ ನೆಲ ನೋಡಿದ. ನಾನಿಟ್ಟಂಗೇ ಇತ್ತು ಎಂಬ ಮಾತು ಕಪಾಳಕ್ಕೆ ಬಾರಿಸಿದಂತಾಗಿತ್ತು. ಈಗಲೇ ಹೇಳಿಬಿಡು ಎಂದು ಒಳಗೆ ಯಾರೋ ಕೂಗುತ್ತಿದ್ದರು, ಮಾತಿನ ಮಲ್ಲ ಬಿಚ್ಚಿದ ಬೋಲ್ಟುಗಳನ್ನು ಒರೆಸುತ್ತ ಕೂತ. ಅವ್ವ ಮಜ್ಜಿಗೆ ತಂದುಕೊಟ್ಟಳು. ಮೇಘನ ಕುಡಿದು ಹೊರಟುಹೋದಳು.

ಹೊಸ ಗೇರ್ ಬಾಕ್ಸು ಬಂತು, ನಾಗರಾಜುವಿನ ಮೆಕ್ಯಾನಿಕ್ಕು ಕೂರಿಸಿಯೂ ಹೋದ. ಸುದ್ದಿ ಊರೆಲ್ಲ ಹರಡಿ, ಮರಿಸ್ವಾಮಿ ಕಂಪನಿಯನ್ನೇ ಮಣಿಸಿದ ಎಂದು ಜನ ಮಾತಾಡಿಕೊಂಡರು. ಅವನು ಅರಳಿಕಟ್ಟೆಯ ಕಡೆ ತಲೆ ಹಾಕಲಿಲ್ಲ. ರಾತ್ರಿ ಉಣ್ಣಲು ಕೂತರೆ ಸುನಿತಾ ಮುದ್ದೆ ಇಕ್ಕಿ ಮುಖ ಆ ಕಡೆ ತಿರುಗಿಸುತ್ತಿದ್ದಳು. ಅವಳ ಎದುರು ತಟ್ಟೆಗೆ ಕೈ ಹಾಕಲೂ ಅವನಿಗೆ ನಾಚಿಕೆಯಾಗುತ್ತಿತ್ತು.

ಟಿಲ್ಲರ್ ಮತ್ತೆ ಗದ್ದೆಗೆ ಇಳಿಯುವ ಬೆಳಿಗ್ಗೆ ಅವ್ವ ತಟ್ಟೆ ಹಿಡಿದು ಕೊಟ್ಟಿಗೆಗೆ ಬಂದಳು. "ಇದು ರಿಪೇರಿ, ಹೊಸ್ದಲ್ಲ. ಆಸಾಡ ಅಡ್ಡಿ ಇಲ್ಲ," ಎಂದು ತಾನೇ ಹೇಳಿಕೊಂಡು ಅರಿಶಿನ ಬಳಿದಳು. ಬೆನ್ನು ಹಿಡಿದುಕೊಂಡಿತ್ತೋ ಏನೋ, ಎದ್ದು ನಿಂತು ತಟ್ಟೆಯನ್ನು ಅವನ ಕಡೆ ಚಾಚಿದಳು.

"ಕುಂಕ್ಮ ನೀನೇ ಇಡ್ಲಾ ಮಗ."

ಅವನು ಕುಂಕುಮಕ್ಕೆ ಬೆರಳು ಅದ್ದಿದ. ಕೈ ಮುಂದಕ್ಕೆ ಹೋಗಲಿಲ್ಲ.

"ಯಾಕ್ಲಾ?"

"ಅವ್ವ, ಓದ್ ಆಸಾಡದಾಗೆ ನಾನಿದ್ನ ಕಿರಂಗೂರ್ಗೆ ತಗೊಂಡೋಗಿದ್ದೆ. ಸಿವಸಂಕರನ ಗದ್ದೆ ಉತ್ತೆ. ನೀನು ಬಿಂಡಿಗನವಿಲೇಲಿದ್ದೆ."

ಅವ್ವ ಬೈಯುತ್ತಾಳೆ, ತಟ್ಟೆ ಬಿಸಾಡುತ್ತಾಳೆ ಎಂದುಕೊಂಡಿದ್ದ. ಅವಳು ಟಿಲ್ಲರಿನ ಮೂತಿಯ ಮೇಲೆ ಕೈಯಾಡಿಸಿದಳು. ಆಮೇಲೆ ಒಂದೇ ಒಂದು ಮಾತು ಕೇಳಿದಳು.

"ಕುಂಕ್ಮ ಯಾರ್ ಇಟ್ರು?"

"ನಾನೇ ಕಣವ್ವ."

ಅವಳು ತಟ್ಟೆಯನ್ನು ಕೆಳಗಿಟ್ಟಳು. "ಆ ಎಣ್ಮಗೀಗೆ ಫೋನ್ ಆಕ್ಕೊಡು," ಅಂದಳು.

ಅವನು ಫೋನ್ ಹಚ್ಚಿ, ಜೋರಾಗಿ ಕೇಳುವಂತೆ ಮಾಡಿ ಅವಳ ಮುಂದೆ ಹಿಡಿದ.

"ನಾನು ಸೀಳನೆರೆ ದೊಡ್ಡತಾಯಮ್ಮ ಕಣವ್ವ. ಅವತ್ತು ನಾನೇಳಿದ್ದು ದಿಟ ಅಲ್ಲ. ಮಿಸಿನ್ನು ಆಸಾಡದಾಗೇ ಓಡೈತೆ. ನೀನು ಬರ್ದಿರೋದ್ನ ಒಡೆದಾಕ್ಬುಡು."

ಮೇಘನಳ ಧ್ವನಿ ಸಣ್ಣದಾಗಿ ಬಂತು. "ಅಜ್ಜಿ, ನಿಮಗೆ ಗೊತ್ತಿದ್ದೂ ಹಾಗೆ ಹೇಳಿದ್ರಾ?"

ಅವ್ವ ಮಗನ ಮುಖ ನೋಡಿದಳು. ಇಲ್ಲ ಅಂದರೆ ಮಗ ಕಳ್ಳನಾಗುತ್ತಾನೆ.

"ಊಂ ಕಣವ್ವ, ಗೊತ್ತಿತ್ತು," ಅಂದಳು.

ಮರಿಸ್ವಾಮಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹುಟ್ಟಿದಾಗಿನಿಂದ ಆ ಬಾಯಲ್ಲಿ ಅವನು ಸುಳ್ಳು ಕೇಳಿರಲಿಲ್ಲ. ಫೋನನ್ನು ತನ್ನ ಕಡೆ ತಿರುಗಿಸಿಕೊಂಡು ತಡವರಿಸಿದ. "ಇಲ್ಲ ಮೇಡಂ. ಅವ್ವಂಗೇನೂ ಗೊತ್ತಿರ್ಲಿಲ್ಲ. ಉತ್ತಿದ್ದೂ ನಾನೇ, ಕುಂಕ್ಮ ಇಟ್ಟಿದ್ದೂ ನಾನೇ. ಗೇರ್ ಬಾಕ್ಸು ಬಿಚ್ಕೊಂಡ್ ಬಂದು ನಾನೇ ಅಂಗ್ಡಿಗೆ ಕೊಡ್ತೀನಿ."

"ಆಯ್ತು ಅಣ್ಣ," ಅಂದಳು ಮೇಘನ. ಇನ್ನೇನೋ ಹೇಳಬಹುದೆಂದು ಅವನು ಕಾದ, ಫೋನ್ ಆಗಲೇ ಕಟ್ಟಾಗಿತ್ತು.

ಗೇರ್ ಬಾಕ್ಸು ಮರುದಿನವೇ ಕೆ.ಆರ್. ಪೇಟೆಗೆ ಹೋಯಿತು. ನಾಗರಾಜು ಅವನನ್ನು ಮರಿಸ್ವಾಮಣ್ಣ ಅನ್ನದೆಯೇ ಇಳಿಸಿಕೊಂಡ. ಅವ್ವ ಮಾತ್ರ ಎಂದಿನಂತೆ ಹಾಲು ಕರೆದಳು, ಕಸ ಗುಡಿಸಿದಳು, ಉಣ್ಣಲು ಬಾ ಎಂದು ಮಗನನ್ನು ಕರೆದಳು. ಕ್ಷಮಿಸಿದಳೇನೋ ಎಂದು ಅವನು ಆಸೆಪಟ್ಟ.

ವಾರ ಕಳೆದು ದೇವಯ್ಯನೂ ಚಿಕ್ಕಮಾದಯ್ಯನೂ ಬದುವಿನ ಜಗಳ ಹೊತ್ತುಕೊಂಡು ಜಗಲಿಗೆ ಬಂದರು. ಬದುವಿನ ಕಲ್ಲು ಮೊದಲು ಎಲ್ಲಿತ್ತು ಎಂಬುದು ಅವ್ವನಿಗೆ ಗೊತ್ತಿತ್ತು. ಮರಿಸ್ವಾಮಿಗೂ ಅದು ಗೊತ್ತಿತ್ತು, ಆದರೆ ಅವನನ್ನು ಯಾರೂ ಕೇಳಲಿಲ್ಲ.

"ನೀನ್ ಏಳ್ಬುಡು ದೊಡ್ಡತಾಯಮ್ಮ, ನಾವು ಒಪ್ಕತೀವಿ," ಅಂದ ದೇವಯ್ಯ.

ಅವ್ವ ಸೊಪ್ಪು ಬಿಡಿಸುತ್ತಲೇ ತಲೆ ಅಲ್ಲಾಡಿಸಿದಳು. "ನನ್ನ ಕೇಳ್ಬ್ಯಾಡಿ ಕಣ್ರಪ್ಪ. ನಾನೂ ಸುಳ್ಳೇಳಿವ್ನಿ."

ಮುದುಕಿ ತಮಾಷೆ ಮಾಡುತ್ತಿದೆ ಎಂದು ಇಬ್ಬರೂ ನಕ್ಕರು. ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಮರಿಸ್ವಾಮಿ ಒಳಕ್ಕೆ ಸರಿದು, ಅವರು ಎದ್ದು ಹೋಗುವವರೆಗೂ ಹೊರಗೆ ಬರಲಿಲ್ಲ.