ಆಂಜಿನಮ್ಮ ಕುಡಿಯದ ಹಾಲು

ನನ್ನ ವಾರಗಿತ್ತಿ ಆಂಜಿನಮ್ಮ ಐವತ್ತು ವರ್ಷಗಳಿಂದ ದಿನಕ್ಕೆರಡು ಹೊತ್ತು ಹಾಲು ಕರೆದಿದ್ದಾಳೆ. ವಕ್ಕಲೇರಿಯಲ್ಲಿ ಬೆಳಿಗ್ಗೆ ಡೈರಿಯ ಬಾಗಿಲು ತೆಗೆಯುವ ಮೊದಲೇ ಕ್ಯಾನು ಇಟ್ಟುಕೊಂಡು ನಿಂತಿರುವವಳು ಅವಳು. ಆದರೆ ಅವಳು ಹಾಲು ಕುಡಿದದ್ದನ್ನು ಊರಿನಲ್ಲಿ ಯಾರೂ ನೋಡಿದವರಿಲ್ಲ. ಹಬ್ಬದಲ್ಲಿ ಪಾಯಸ ಬಡಿಸಲು ಬಗ್ಗಿದರೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾಳೆ. ಯಾರ ಮನೆಗೆ ಹೋದರೂ ಬೆಲ್ಲ ಹಾಕಿದ ಕರಿ ಕಾಫಿ ಕೇಳುತ್ತಾಳೆ. ಅದಕ್ಕೆ ನಾವೆಲ್ಲ ಕೊಬ್ಬು ಅನ್ನುತ್ತಿದ್ದೆವು. ಮೊದಲು ಹಾಗೆ ಅಂದವಳು ನಾನೇ.

ಅವಳ ತವರು ಗೌನಿಪಲ್ಲಿ, ಶ್ರೀನಿವಾಸಪುರದ ಆಚೆ. ಅವರಿಗೆ ಮಾವಿನ ತೋಪಿತ್ತು, ಕರೆಯುವ ದನ ಇರಲಿಲ್ಲ. ನನ್ನ ಮೈದುನನನ್ನು ಮದುವೆಯಾಗಿ ಬಂದಾಗ ಅವಳಿಗೆ ಹದಿನೆಂಟು ಇರಬೇಕು, ಕಡ್ಡಿಯ ಹಾಗಿದ್ದಳು. ಮೈದುನನ ಹೆಸರು ದೊಡ್ಡವೆಂಕಟಪ್ಪ. ತಾತನ ಹೆಸರು ಇಟ್ಟಿದ್ದರು, ಹಾಗಾಗಿ ನನ್ನ ಗಂಡ ವೆಂಕಟರಾಯಪ್ಪನಿಗೆ ತಮ್ಮನಾದರೂ ಅವನೇ ದೊಡ್ಡವನು ಅನ್ನಿಸಿಕೊಂಡ. ಸೊಸೆ ಮನೆ ತುಂಬಿದ ದಿನ ನಮ್ಮತ್ತೆ ಅವಳ ಕೈಗೆ ಹಿತ್ತಾಳೆ ಲೋಟದ ತುಂಬ ಹಾಲು ಕೊಟ್ಟರು. ಮೈಕೈ ತುಂಬಿಕೊಳ್ಳಲಿ ಎಂದು ಆಮೇಲೂ ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಅವರೇ ಎದುರಿಗೆ ನಿಂತು ಕುಡಿಸಿದರು. ನಾನು ಆ ಮನೆಗೆ ಬಂದು ಆರು ವರ್ಷವಾಗಿತ್ತು, ಎರಡು ಹೆತ್ತಿದ್ದೆ. ಬಾಣಂತಿಯಾಗಿದ್ದಾಗಲೂ ನನಗೆ ಆ ಲೋಟ ಬಂದಿರಲಿಲ್ಲ. ಅದು ನನಗೆ ಉರಿಯುತ್ತಿತ್ತು.

ಇಪ್ಪತ್ತು ದಿನ ಕಳೆಯುವುದರೊಳಗೆ ಹುಡುಗಿಯ ಹೊಟ್ಟೆ ಊದಿಕೊಂಡಿತು. ಎದ್ದರೆ ವಾಕರಿಕೆ, ಒಲೆಯ ಮುಂದೆ ಕೂತರೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಚೊಂಬು ಹಿಡಿದು ಹೊಲದ ಕಡೆ ಓಡುತ್ತಿದ್ದಳು. ಹೊಸ ಮನೆ, ಯಾರಿಗೆ ಹೇಳಿಕೊಳ್ಳಬೇಕು. ಒಂದು ದಿನ ಬಾವಿಯ ಹತ್ತಿರ ಬಟ್ಟೆ ಒಗೆಯುವಾಗ, ನಾಲ್ಕೈದು ಜನ ಹೆಂಗಸರ ಎದುರು ನಾನು ಅಂದೆ: "ಬಂದು ಇಪ್ಪತ್ತು ದಿನ ಆಗಿಲ್ಲ, ಹೊಟ್ಟೆ ನೋಡಿದ್ರೆ ಮೂರು ತಿಂಗಳದ್ದು ಕಾಣ್ಸುತ್ತೆ."

ಅಷ್ಟೇ ಅಂದದ್ದು. ಬಟ್ಟೆ ಹಿಂಡಿ ಮನೆಗೆ ಬಂದೆ. ಮಾತು ನನಗಿಂತ ಮೊದಲೇ ಬಂದು ಕೂತಿತ್ತು. ಎಂಟು ದಿನದಲ್ಲಿ ಅವಳನ್ನು ಬಸ್ಸು ಹತ್ತಿಸಿ ತವರಿಗೆ ಕಳಿಸಿದರು.

ಅಲ್ಲಿ ಏಳು ತಿಂಗಳಿದ್ದಳು. ಮಗುವೂ ಇಲ್ಲ, ಏನೂ ಇಲ್ಲ. ಹೋದ ಹತ್ತೇ ದಿನಕ್ಕೆ ಹೊಟ್ಟೆ ಇಳಿದಿತ್ತಂತೆ. ಅವಳ ಅಪ್ಪ ಬಂದು ಹಿರಿಯರ ಮುಂದೆ ಕೈ ಮುಗಿದು ನಿಂತ ಮೇಲೆ ವಾಪಸ್ಸು ಕರೆದುಕೊಂಡರು. ತಪ್ಪಾಯಿತು ಎಂದು ನಮ್ಮ ಮನೆಯ ಯಾರೂ ಅನ್ನಲಿಲ್ಲ. ಊರು ಇನ್ನೊಂದು ಮಾತು ಕಟ್ಟಿತು, ತವರಲ್ಲಿ ಬಸಿರು ತೆಗೆಸಿಕೊಂಡು ಬಂದಿದ್ದಾಳೆ ಎಂದು. ಅಂದಿನಿಂದ ಅವಳು ಹಾಲನ್ನು ಬಾಯಿಗೆ ಮುಟ್ಟಿಸಲಿಲ್ಲ. ಎರಡು ಗಂಡು ಹೆತ್ತಳು, ಹಸು ಕಟ್ಟಿದಳು, ಹುಲ್ಲು ಹೊತ್ತು ಹೊತ್ತು ನೆತ್ತಿಯ ಕೂದಲು ಸವೆಯಿತು. ಅತ್ತೆಗೆ ಕೈಕಾಲು ಬಿದ್ದುಹೋದಾಗ ಮೂರು ವರ್ಷ ಹೊಲಸು ಬಳಿದವಳೂ ಅವಳೇ. ಆ ಮಾತು ಮಾತ್ರ ಅವಳ ಬೆನ್ನು ಬಿಡಲಿಲ್ಲ. ಜಗಳ ಬಂದಾಗೆಲ್ಲ ಯಾರಾದರೊಬ್ಬರು ಅದನ್ನು ಎತ್ತುತ್ತಿದ್ದರು.

ಇಷ್ಟು ಹಳೆಯದನ್ನು ಈಗ ಹೇಳುತ್ತಿರುವುದು ಹೋದ ವರ್ಷ ನಾನು ಮಾಡಿದ ಇನ್ನೊಂದು ಕೆಲಸದಿಂದ.

ನನ್ನ ಮೊಮ್ಮಗಳು ರಂಜಿತ ನನ್ನ ಜೊತೆಯಲ್ಲೇ ಇದ್ದಾಳೆ. ಕೋಲಾರದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಸಕ್ಕರೆ ಕಾಯಿಲೆಯವರಿಗೆ ಏನು ತಿನ್ನಬೇಕು, ಎಷ್ಟು ನಡೆಯಬೇಕು ಎಂದು ಬರೆದುಕೊಡುವ ಕೆಲಸ ಅವಳದು. ನನಗೂ ಸಕ್ಕರೆ ಇದೆ. ಒಂದು ದಿನ ಸಣ್ಣ ಪೆಟ್ಟಿಗೆಯೊಂದನ್ನು ತಂದಳು. ಒಳಗೆ ಬೆರಳುದ್ದದ ಕೊಳವೆ. ಅದರಲ್ಲಿ ಉಗುಳಿ ಕಳಿಸಿದರೆ ನಮ್ಮ ಜೀನು ನೋಡಿ, ಯಾವ ಊಟ ನಮ್ಮ ಮೈಗೆ ಒಗ್ಗುತ್ತದೆ, ಯಾವ ಕಸರತ್ತು ಆಗುತ್ತದೆ ಎಂದು ಬರೆದು ಕಳಿಸುತ್ತಾರಂತೆ. ಕ್ಲಿನಿಕ್ಕಿನವರು ಕಲಿಯಲಿ ಎಂದು ಅಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಒಂದೊಂದು ಕೊಟ್ಟಿದ್ದರು. ಇವಳು ನನಗೆ ಅಂತ ಇಟ್ಟುಕೊಂಡಿದ್ದಳು. "ಅರ್ಧ ಗಂಟೆ ಬಾಯಿಗೆ ಏನೂ ಹಾಕ್ಬೇಡ ಅಜ್ಜಿ, ಆಮೇಲೆ ಈ ಗೀಟಿನವರೆಗೂ ಉಗುಳು. ಎಂಟು ಗಂಟೆ ಬಸ್ಸಿಗೆ ತಗೊಂಡು ಹೋಗ್ತೀನಿ" ಎಂದು ಹೇಳಿ ಸ್ನಾನಕ್ಕೆ ಹೋದಳು.

ನನ್ನ ಬಾಯಲ್ಲಿ ಆಗಲೇ ಎಲೆ ಅಡಿಕೆ, ಕಡ್ಡಿಪುಡಿ ಹೊಗೆಸೊಪ್ಪು ಇತ್ತು.

ನನ್ನ ಗಂಡ ಬಾಯಿಯ ಕ್ಯಾನ್ಸರಿನಿಂದ ಹೋದರು. ಅವರ ಹನ್ನೊಂದನೆಯ ದಿನ, ಇನ್ನು ಕಡ್ಡಿಪುಡಿ ಮುಟ್ಟುವುದಿಲ್ಲ ಎಂದು ರಂಜಿತಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದೆ. ಮೂರು ತಿಂಗಳು ತಡೆದೆ. ಆಮೇಲೆ ಪೊಟ್ಟಣವನ್ನು ರಾಗಿ ಡಬ್ಬದ ಅಡಿಯಲ್ಲಿ ಇಟ್ಟುಕೊಂಡು, ಅವಳ ಕಣ್ಣು ತಪ್ಪಿಸಿ ಹಾಕಿಕೊಳ್ಳುತ್ತಿದ್ದೆ. ಆರು ವರ್ಷದಿಂದ ಹೀಗೇ. ಆವತ್ತು ಮೂರು ಸಲ ಬಾಯಿ ಮುಕ್ಕಳಿಸಿದೆ. ಮೂರು ಸಲವೂ ಕೆಂಪಗೇ ಬಂತು. ಬಚ್ಚಲಿನಲ್ಲಿ ನೀರಿನ ಸದ್ದು ಕೇಳುತ್ತಿತ್ತು.

ಮನೆ ಪಾಲಾದಾಗ ನಡುಗೋಡೆಯಲ್ಲಿ ಒಂದು ಸಣ್ಣ ಬಾಗಿಲು ಬಿಟ್ಟಿದ್ದೆವು. ಅದರಲ್ಲಿ ತಲೆ ಹಾಕಿ ಆಂಜಿನಮ್ಮನನ್ನು ಕರೆದೆ, ಕೊಳವೆ ಕೊಟ್ಟೆ. ನನ್ನ ಬಾಯಿ ಒಣಗಿಹೋಗಿದೆ, ನೀನೇ ಉಗಿದುಕೊಡು ಅಂದೆ. ಅವಳು ನನ್ನ ಕೆಂಪು ತುಟಿ ನೋಡಿದಳು.

"ಉಪ್ಪು ಕೇಳಿದ್ಯ, ಹೆಪ್ಪು ಕೇಳಿದ್ಯ. ಈಗ ಉಗುಳೂ ಪಕ್ಕದ ಮನೆಯಿಂದ್ಲೇ ಆಗ್ಬೇಕಾ ಅಕ್ಕಾ ನಿಂಗೆ?"

ನಕ್ಕಳು, ಗೀಟಿನವರೆಗೂ ಉಗಿದುಕೊಟ್ಟಳು.

ನನಗೆ ಅದು ದೊಡ್ಡ ಮೋಸ ಅನ್ನಿಸಲಿಲ್ಲ. ಒಂದೇ ಒಲೆಯ ಮುದ್ದೆಯನ್ನು ಹದಿನೈದು ವರ್ಷ ತಿಂದವರು ನಾವು. ಈಗಲೂ ಒಂದೇ ಹೊಲದ ರಾಗಿ, ಒಂದೇ ಬೋರಿನ ನೀರು. ಇಬ್ಬರ ಉಗುಳಿನಲ್ಲಿ ಏನು ವ್ಯತ್ಯಾಸ ಇದ್ದೀತು ಎಂದುಕೊಂಡೆ.

ವರದಿ ಬರಲು ಒಂದೂವರೆ ತಿಂಗಳಾಯಿತು. ಅಷ್ಟರಲ್ಲಿ ಆಂಜಿನಮ್ಮ ಕೊಟ್ಟಿಗೆಯಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು. ಮೂಳೆ ಸವೆದಿದೆ, ದಿನಕ್ಕೆ ಎರಡು ಲೋಟ ಹಾಲು ಕುಡಿಯಬೇಕು ಎಂದು ಡಾಕ್ಟರು ಹೇಳಿದರಂತೆ. ಅವಳ ಸೊಸೆ ಅನಿತ ಒಳ್ಳೆಯವಳು, ಡಾಕ್ಟರು ಹೇಳಿದ್ದನ್ನು ಬಿಡುವವಳಲ್ಲ. ಬೆಳಿಗ್ಗೆ ಸಂಜೆ ಲೋಟ ಹಿಡಿದು ಅತ್ತೆಯ ಎದುರಿಗೆ ನಿಲ್ಲುತ್ತಿದ್ದಳು. ನನಗೆ ಒಗ್ಗದು ಎಂದು ಆಂಜಿನಮ್ಮ ಅನ್ನುವುದೂ, ಸಣ್ಣ ಮಗುವಿನ ಹಾಗೆ ಆಡಬೇಡ ಎಂದು ಮಕ್ಕಳು ಗದರುವುದೂ ನಡುಗೋಡೆಯಾಚೆಯಿಂದ ಕೇಳಿಸುತ್ತಿತ್ತು.

ರಂಜಿತ ವರದಿಯನ್ನು ನನ್ನ ಮುಂದೆ ಕನ್ನಡದಲ್ಲಿ ಓದಿ ಹೇಳಿದಳು. ಇದು ಜಾತಕವಲ್ಲ, ಇದರಲ್ಲಿ ಎಷ್ಟೋ ಬರೀ ಅಂದಾಜು ಎಂದು ಮೊದಲೇ ಹೇಳಿದಳು. ಈ ಮೈ ಒಂದೇ ಸಲಕ್ಕೆ ಭಾರ ಎತ್ತುವುದಕ್ಕಿಂತ ದಿನವಿಡೀ ನಿಧಾನವಾಗಿ ದುಡಿಯುವುದಕ್ಕೆ ತಕ್ಕದ್ದು ಎಂದಿತ್ತು. ನನಗೆ ನಗು ಬಂತು. ಆಮೇಲೆ ಹಾಲಿನ ವಿಷಯ ಬಂತು. ಮಗುವಾಗಿದ್ದಾಗ ಎಲ್ಲರಿಗೂ ಹಾಲು ಅರಗುತ್ತದೆ, ಬೆಳೆದ ಮೇಲೆ ಕೆಲವರಿಗೆ ಅರಗುವುದಿಲ್ಲ, ಅದು ಹುಟ್ಟಿನಿಂದ ಬಂದದ್ದು, ಇದು ಅಂಥ ಮೈ. ನಮ್ಮ ಕಡೆ ಇಂಥವರು ಬಹಳ ಜನ ಇದ್ದಾರಂತೆ, ಎಷ್ಟೋ ಜನಕ್ಕೆ ಅದು ಗೊತ್ತೇ ಆಗುವುದಿಲ್ಲ. ಕೆಲವರಿಗೆ ಮಾತ್ರ ಹಾಲು ಕುಡಿದರೆ ಹೊಟ್ಟೆ ಉಬ್ಬುತ್ತದೆ, ವಾಕರಿಕೆ, ಭೇದಿ.

"ನಿಂಗೆ ಹಾಗೇನೂ ಆಗಲ್ವಲ್ಲಾ ಅಜ್ಜಿ?" ಎಂದು ಕೇಳಿದಳು.

ನನಗೆ ಆ ಹಿತ್ತಾಳೆ ಲೋಟ ಕಣ್ಣ ಮುಂದೆ ಬಂತು. ಅದರ ಕಂಠದಲ್ಲಿದ್ದ ನೆಗ್ಗು ಕೂಡ ಕಂಡಿತು. ಆದರೂ ಬಾಯಿ ತಾನಾಗಿಯೇ ಆಡಿತು: "ಆಗ್ತಿತ್ತು ಕಣೇ. ಹೇಳ್ಕೊಂಡಿರ್ಲಿಲ್ಲ."

ಅಂದಿನಿಂದ ನಾನು ಇನ್ನೊಬ್ಬಳ ಮೈಗೆ ಬರೆದ ಊಟ ಉಂಡೆ. ನನ್ನ ಹಾಲಿನ ಕಾಫಿ ನಿಂತಿತು. ಮುಂಜಾನೆ ಕೆರೆಯ ಏರಿಯವರೆಗೆ ಹೋಗಿ ಬರಬೇಕಿತ್ತು, ಮಂಡಿ ಊದಿತು. ಸಕ್ಕರೆ ಇಳಿಯಲಿಲ್ಲ. ರಂಜಿತ ಬರೆದದ್ದನ್ನೇ ಮತ್ತೆ ಮತ್ತೆ ತಿರುವಿ, ಎಲ್ಲಿ ತಪ್ಪಿದೆ ಎಂದು ತನ್ನನ್ನೇ ಬೈದುಕೊಂಡಳು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಹೇಳಿದರೆ ಕಡ್ಡಿಪುಡಿಯೂ ಹೊರಗೆ ಬರುತ್ತಿತ್ತು, ಬಾವಿಯ ಹತ್ತಿರದ ಮಾತೂ ಹೊರಗೆ ಬರುತ್ತಿತ್ತು. ಹತ್ತೊಂಬತ್ತು ದಿನ ಸುಮ್ಮನಿದ್ದೆ. ಆ ಹತ್ತೊಂಬತ್ತು ದಿನವೂ ಪಕ್ಕದ ಮನೆಯಲ್ಲಿ ಎರಡೆರಡು ಲೋಟ ಕುಡಿಸಿದರು.

ಇಪ್ಪತ್ತನೆಯ ದಿನ ಮಧ್ಯಾಹ್ನ ಆಂಜಿನಮ್ಮ ಸಣ್ಣ ಬಾಗಿಲಿನಿಂದ ಬಂದು ನನ್ನ ಮುಂದೆ ಕೂತಳು. ಕಣ್ಣು ಒಳಕ್ಕೆ ಹೋಗಿತ್ತು. ಕೈಗೆ ಬಿಳಿ ಕಟ್ಟು, ಸೀರೆಯೊಳಗೆ ಹೊಟ್ಟೆ ಉಬ್ಬಿ ನಿಂತಿತ್ತು. ಐವತ್ತು ವರ್ಷದ ಹಿಂದೆ ನೋಡಿದ ಹೊಟ್ಟೆಯೇ ಅದು.

"ನಿಂಗೆ ಹಾಲು ಆಗಲ್ಲ ಅಂತ ಕಾಗದ ಬಂದೈತಂತಲ್ಲ ಅಕ್ಕಾ" ಅಂದಳು. "ರಂಜಿತಂಗೆ ಹೇಳಿ ನಂಗೂ ಒಂದು ಬರಿಸ್ಕೊಡು. ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ. ಕಾಗದ ಇದ್ರೆ ನಂಬ್ತಾರೆ."

ರಂಜಿತ ಬರಲಿ, ಕೇಳುತ್ತೇನೆ ಅಂದೆ. ಅವಳು ಎದ್ದು ಹೋದಳು.

ಸಂಜೆ ರಂಜಿತ ಚಪ್ಪಲಿ ಬಿಡುತ್ತಿದ್ದ ಹಾಗೇ ರಾಗಿ ಡಬ್ಬದಿಂದ ಪೊಟ್ಟಣ ತೆಗೆದು ಅವಳ ಮುಂದಿಟ್ಟೆ. ಕೊಳವೆಯ ವಿಷಯ ಹೇಳಿದೆ, ಬಾವಿಯ ವಿಷಯವನ್ನೂ ಹೇಳಿದೆ. ಅವಳು ಕೂಗಾಡಿದ್ದರೆ ಸುಲಭವಿತ್ತು. ಬ್ಯಾಗು ಹೆಗಲ ಮೇಲೇ ಇತ್ತು. "ನನ್ನ ತಲೆ ಮೇಲೆ ಕೈ ಇಟ್ಟಿದ್ದೆ ಅಜ್ಜಿ" ಅಂದಳು, ಅಷ್ಟೇ. ಆಮೇಲೆ ಮುಖ ತೊಳೆದು ಬಂದು, ನಾಳೆ ಕ್ಲಿನಿಕ್ಕಿನಲ್ಲಿ ಇದನ್ನು ಹೇಳಲೇಬೇಕು, ಚಿಕ್ಕಜ್ಜಿಯ ಹಾಲನ್ನು ಈವತ್ತೇ ನಿಲ್ಲಿಸಬೇಕು, ನಡಿ ಅಂದಳು. ಕಾಗದವನ್ನು ನನ್ನ ಕೈಗೇ ಕೊಟ್ಟಳು.

ಪಕ್ಕದ ಮನೆಯ ಜಗುಲಿಯಲ್ಲಿ ಮೈದುನ ಅವರೆಕಾಯಿ ಸುಲಿಯುತ್ತಿದ್ದ. ಆಂಜಿನಮ್ಮ ಕಂಬಕ್ಕೆ ಒರಗಿದ್ದಳು, ಅನಿತ ಲೋಟ ಹಿಡಿದು ನಿಂತಿದ್ದಳು. ರಂಜಿತ ಆ ಲೋಟ ಇಸಿದುಕೊಂಡು ಪಕ್ಕಕ್ಕಿಟ್ಟಳು. ಮೂಳೆಗೆ ರಾಗಿ, ಎಳ್ಳು, ಸಣ್ಣ ಮೀನು ಕೊಡಬಹುದು, ಡಾಕ್ಟರ ಹತ್ತಿರ ತಾನೇ ಮಾತಾಡುತ್ತೇನೆ ಎಂದು ಅನಿತಳಿಗೆ ವಿವರಿಸಿದಳು. ನಾನು ಆಂಜಿನಮ್ಮನ ಮುಂದೆ ಕೂತು, ಆ ಉಗುಳು ನಿನ್ನದು, ಈ ಕಾಗದ ನಿನ್ನದು ಅಂದೆ.

"ನಂದು ಅಂತ ನಂಗೊತ್ತಿಲ್ವಾ? ನೀನೇ ಹೇಳ್ತೀಯೇನೋ ಅಂತ ಮಧ್ಯಾಹ್ನ ಬಂದು ಕೂತಿದ್ದೆ."

ಬಾವಿಯ ಹತ್ತಿರ ಆ ಮಾತು ಮೊದಲು ಆಡಿದವಳು ನಾನು ಎಂದೆ. ಅದೂ ಗೊತ್ತು, ಆವತ್ತು ಸಂಜೆಯೇ ಗೊತ್ತಾಯಿತು ಎಂದಳು. ಆಮೇಲೆ ಗಂಡನ ಕಡೆ ಗದ್ದ ತೋರಿಸಿದಳು. "ನಂಗೆ ಹೇಳಿ ಏನು ಬಂತು? ಅವರಿಗೆ ಹೇಳು."

ಕಾಗದವನ್ನು ಬೆಳಕಿಗೆ ಹಿಡಿದು, ರಂಜಿತ ಕನ್ನಡದಲ್ಲಿ ಬರೆದುಕೊಟ್ಟಿದ್ದ ನಾಲ್ಕು ಸಾಲನ್ನು ಅಕ್ಷರ ಕೂಡಿಸಿಕೊಂಡು ಓದಿದೆ. ಅವಳ ಹೊಟ್ಟೆ ಊದಿದ್ದು ನಮ್ಮತ್ತೆ ಕುಡಿಸಿದ ಹಾಲಿನಿಂದ ಎಂದು ಹೇಳಿದೆ. ಮೈದುನನ ಕೈಯಲ್ಲಿ ಕಾಯಿ ಹಾಗೇ ನಿಂತಿತು.

"ಆವತ್ತು ಅವಳನ್ನ ಕೇಳೋಕಿಂತ ಮುಂಚೆ ನಿಮ್ಮನ್ನ ಕೇಳ್ದೆ ಅತ್ತಿಗೆ" ಅಂದ. "ಹೌದಾ ಅಂತ. ನೀವು ತಲೆ ಆಡಿಸಿದ್ರಿ."

ಅದು ನಿಜ. ಮೊದಲು ಹೇಳುವಾಗ ಅದನ್ನು ಬಿಟ್ಟಿದ್ದೆ. ದನ ಕಟ್ಟುವ ಗೂಟದ ಹತ್ತಿರ ನಿಂತು ಅವನು ಕೇಳಿದ್ದ, ನಾನು ಹೌದೆಂದು ತಲೆ ಆಡಿಸಿದ್ದೆ. ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದಕ್ಕೆ ಒಂದು ಮಾತು ಸಾಕಿತ್ತು.

ಮೈದುನ ಹೆಂಡತಿಯ ಕಡೆ ತಿರುಗಿದ. ಆಂಜಿನಮ್ಮ ಅವನನ್ನು ನೋಡಲಿಲ್ಲ, ನನ್ನ ಕೈಯಲ್ಲಿದ್ದ ಕಾಗದವನ್ನೇ ನೋಡುತ್ತಿದ್ದಳು. ಅವಳಿಗೆ ಓದು ಬರದು.

"ಮೇಲೆ ಯಾರ ಹೆಸರೈತೆ?" ಎಂದು ಕೇಳಿದಳು.

"ನಂದು. ಆದಿಲಕ್ಷ್ಮಮ್ಮ ಅಂತ."

"ಅದನ್ನ ಹೊಡೆದು ಹಾಕು. ನಂದು ಬರಿ."

ಹಾಗೆ ತಿದ್ದಿದರೆ ಅದು ನಡೆಯುವುದಿಲ್ಲ, ಚಿಕ್ಕಜ್ಜಿಯ ಹೆಸರಿನಲ್ಲಿ ಇನ್ನೊಂದು ಸಲ ಕಳಿಸೋಣ ಎಂದು ರಂಜಿತ ಹೇಳಿದಳು. ಅದು ಬಂದಾಗ ಬರಲಿ, ಈಗ ಇದರ ಮೇಲೆ ಬರಿ ಎಂದು ಆಂಜಿನಮ್ಮ ಹಟ ಹಿಡಿದಳು. ರಂಜಿತ ಪೆನ್ನು ಕೊಟ್ಟಳು. ನಾಲ್ಕನೇ ಕ್ಲಾಸಿನ ಓದು ನನ್ನದು. ನನ್ನ ಹೆಸರಿನ ಮೇಲೆ ಒಂದು ಗೀಟು ಎಳೆದು ಅದರ ಪಕ್ಕ ಆಂಜಿನಮ್ಮ ಎಂದು ಬರೆದೆ.

"ತವರು ಗೌನಿಪಲ್ಲಿ ಅಂತಾನೂ ಬರಿ. ನಮ್ಮಪ್ಪ ಆ ಏಳು ತಿಂಗಳು ಟೀ ಅಂಗಡಿ ಕಡೆಗೂ ಹೋಗ್ಲಿಲ್ಲ."

ಬರೆದೆ.

ಆಮೇಲೆ ನನ್ನದೇ ಉಗುಳು ಕಳಿಸಿದ್ದಾಯಿತು. ಎರಡನೆಯ ಪೆಟ್ಟಿಗೆಗಾಗಿ ರಂಜಿತ ಕ್ಲಿನಿಕ್ಕಿನಲ್ಲಿ ಮಾತು ಕೇಳಬೇಕಾಯಿತು. ಪೊಟ್ಟಣ ಬಿಟ್ಟಿದ್ದೇನೆ ಎಂದು ನಾನು ಅವಳಿಗೆ ಹೇಳುವುದಿಲ್ಲ, ಅವಳೂ ಕೇಳುವುದಿಲ್ಲ. ವಾರಕ್ಕೊಮ್ಮೆ ರಾಗಿ ಡಬ್ಬದಲ್ಲಿ ಕೈ ಹಾಕಿ ನೋಡುತ್ತಾಳೆ. ಆಂಜಿನಮ್ಮನ ಹೊಟ್ಟೆ ಇಳಿದಿದೆ. ಆ ದಿನದ ಮೇಲೆ ಅವಳು ಸಣ್ಣ ಬಾಗಿಲಿನಿಂದ ನನ್ನ ಮನೆಗೆ ಬಂದಿಲ್ಲ. ಆಚೆ ಕಡೆಯಿಂದ ಚಿಲಕ ಹಾಕಿದ್ದಾಳೋ ಇಲ್ಲವೋ ಗೊತ್ತಿಲ್ಲ, ತಳ್ಳಿ ನೋಡುವ ಧೈರ್ಯ ನನಗಾಗಿಲ್ಲ.

ಅವಳ ಹೆಸರಿನ ಹೊಸ ಕಾಗದವೂ ಬಂತು, ಅದರಲ್ಲೂ ಅದೇ ಇತ್ತು. ಆದರೆ ಗಾಜು ಹಾಕಿಸಿ ಜಗುಲಿಯ ಗೋಡೆಗೆ ತೂಗುಹಾಕಿರುವುದು ಹಳೆಯದನ್ನೇ. ಬಂದವರು ಇದೇನು ಎಂದು ಕೇಳುತ್ತಾರೆ, ಅನಿತ ಓದಿ ಹೇಳುತ್ತಾಳೆ. ನಾನು ಡೈರಿಗೆ ಹೋಗುವುದು ಆ ಜಗುಲಿಯ ಮುಂದೆಯೇ. ಗೀಟು ಸರಿಯಾಗಿ ಎಳೆದಿರಲಿಲ್ಲ, ಅದರ ಕೆಳಗೆ ನನ್ನ ಹೆಸರು ಈಗಲೂ ಬೀದಿಗೆ ಕಾಣುತ್ತದೆ.