ಗರಿ ಇಲ್ಲದ ದಿನಗಳು

ಹೋದ ತಿಂಗಳು ಒಂದು ಭಾನುವಾರ, ಪೂಜೆ ಮುಗಿಯುವ ಹೊತ್ತಿಗೆ ನಮ್ಮ ಫಾದರ್ ಎಂದಿನ ಅನೌನ್ಸ್‌ಮೆಂಟ್ ಮಾಡಿದರು: "ಮನೆಯಲ್ಲಿರುವ ಹಳೇ ಗರಿಗಳನ್ನು ಮುಂದಿನ ಭಾನುವಾರ ತಂದು ಕೊಡಿ." ಹೊಸದೇನಲ್ಲ. ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರ ಆಶೀರ್ವದಿಸಿ ಕೊಟ್ಟ ತೆಂಗಿನ ಎಳೆಗರಿ ವರ್ಷವಿಡೀ ನಮ್ಮ ಮನೆಗಳಲ್ಲಿ ಶಿಲುಬೆಯ ಹಿಂದೆ ಸಿಕ್ಕಿಸಿಕೊಂಡಿರುತ್ತದೆ. ಮರುವರ್ಷ ಅದನ್ನು ಚರ್ಚಿಗೆ ಒಪ್ಪಿಸಬೇಕು. ಅಲ್ಲಿ ಅದನ್ನು ಸುಟ್ಟು, ಆ ಬೂದಿಯನ್ನು ನಲವತ್ತು ದಿನದ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಂದು ನಮ್ಮ ಹಣೆಗೇ ಹಚ್ಚುತ್ತಾರೆ.

ಮನೆಗೆ ಬಂದು, ಸ್ಟೂಲಿನ ಮೇಲೆ ಹತ್ತಿ (ಮಗಳು ಲೀನಾ ಸ್ಕೂಲಿನ ಪೇಪರ್ ತಿದ್ದುತ್ತ ಕೂತಿದ್ದಳು, ನೋಡಿದ್ದರೆ ಹತ್ತಲು ಬಿಡುತ್ತಿರಲಿಲ್ಲ) ಹಾಲ್‌ನ ಗೋಡೆಯ ಶಿಲುಬೆಯನ್ನು ತೆಗೆದೆ. ಹಿಂದಿನಿಂದ ಗರಿಗಳು ಸರ್ರನೆ ಜಾರಿ ಬಿದ್ದವು. ಒಂದಲ್ಲ, ಒಂದು ಹಿಡಿ. ಧೂಳು, ಜೇಡರ ಬಲೆ, ಒಣಹುಲ್ಲಿನಂಥ ವಾಸನೆ.

"ಅಜ್ಜೀ, ಇದೇನು, ಪೊರಕೆನಾ?" ಎಂದಳು ಮೊಮ್ಮಗಳು ಟೀನಾ.

ಏನು ಹೇಳಲಿ? ಬೆಟ್ಟಗಳು ಜಾರಿದ ಆ ಆಗಸ್ಟ್‌ನಿಂದ ನಾನು ಒಂದು ಗರಿಯನ್ನೂ ಹಿಂದಿರುಗಿಸಿಲ್ಲ ಎಂದು ಹೇಳಲೇ? ಪ್ರತಿ ವರ್ಷ ಹೊಸದನ್ನು ತಂದು ಹಳೆಯದರ ಪಕ್ಕಕ್ಕೇ ತುರುಕಿದ್ದೇನೆ. ಶಿಲುಬೆ ಗೋಡೆಯಿಂದ ಮುಂದಕ್ಕೆ ವಾಲಿಕೊಂಡು, ಯಾರದೋ ಮಾತಿಗೆ ಕಿವಿಗೊಟ್ಟಂತೆ ನಿಂತಿತ್ತು. ಮನೆಗೆ ಬಂದವರು ಮೊಳೆ ಸಡಿಲವಾಗಿದೆ ಅಂದುಕೊಳ್ಳುತ್ತಿದ್ದರು. ನಾನೂ ಹಾಗೇ ಅನ್ನುತ್ತಿದ್ದೆ.

ಈ ಗರಿಯ ಮಹಿಮೆ ತಿಳಿಯಬೇಕಾದರೆ ನೀವು ನನ್ನ ಜೊತೆ ಸುಂಟಿಕೊಪ್ಪದಾಚೆಯ ಒಂದು ಎಸ್ಟೇಟಿಗೆ ಬರಬೇಕು. ನಾನು ಚಿಕ್ಕವಳಿದ್ದಾಗ ನನ್ನ ಪಪ್ಪ ಅಲ್ಲಿ ರೈಟರ್. ಕತೆ ಬರೆಯುವ ರೈಟರ್ ಅಲ್ಲ, ಲೈನ್‌ಮನೆಗಳ ಆಳುಗಳ ಹಾಜರಿ ಬರೆಯುವವರು. ನಮ್ಮ ಕ್ವಾರ್ಟರ್ಸ್‌ಗೆ ತಗಡಿನ ಮಾಡು, ಸುತ್ತಲೂ ಆಕಾಶಕ್ಕೆ ಚುಚ್ಚುವ ಸಿಲ್ವರ್ ಓಕ್ ಮರಗಳು. ಗುಡುಗು ಶುರುವಾಯಿತೆಂದರೆ ನನ್ನ ತಾಯಿ, ನಮ್ಮ ಮಾಯ್, ಒಲೆಯಿಂದ ಸೌಟಿನಲ್ಲಿ ಕೆಂಡ ತೆಗೆದುಕೊಂಡು, ಗರಿಯ ತುದಿಯಿಂದ ಉಗುರುದ್ದದ ಚೂರು ಮುರಿದು ಅದರ ಮೇಲೆ ಹಾಕುತ್ತಿದ್ದಳು. ಸಿಡಿಲು ಬಡಿಯದಿರಲೆಂದು ಆ ಹೊಗೆಯನ್ನು ಕಿಟಕಿ ಕಿಟಕಿಗೂ ತೋರಿಸಿಕೊಂಡು, ಕೊಂಕಣಿಯಲ್ಲಿ ಪ್ರಾರ್ಥನೆ ಹೇಳುತ್ತ ಮನೆ ಸುತ್ತುವಳು. ನಾನು ಅವಳ ಸೀರೆಯ ತುದಿ ಹಿಡಿದು ಹಿಂದೆ ಹಿಂದೆ. ನನಗೆ ದೇವರೆಂದರೆ ಆಗ ಆ ಹೊಗೆಯ ವಾಸನೆ, ಅಷ್ಟೇ.

ಆದರೆ ಈ ಏರ್ಪಾಟಿನಲ್ಲಿ ಒಂದು ದೊಡ್ಡ ತೊಂದರೆಯಿತ್ತು. ಹಳೆಯ ಗರಿ ಬೂದಿಯಾದ ಮೇಲೆ ಹೊಸ ಗರಿ ಬರುವುದು ತಪಸ್ಸುಕಾಲದ ಕೊನೆಗೆ. ನಡುವಿನ ಅಷ್ಟೂ ವಾರ ಮನೆಯಲ್ಲಿ ಗರಿಯೇ ಇಲ್ಲ. ಕೊಡಗಿನಲ್ಲಿ ಗುಡುಗು ಸಿಡಿಲಿನ ಜೊತೆ ಹೂಮಳೆ ಬರುವುದೂ ಅದೇ ವಾರಗಳಲ್ಲಿ! ಆ ಮಳೆ ಬಿದ್ದರೇ ಕಾಫಿ ಹೂ ಬಿಡುವುದು. ಹಾಗಾಗಿ ಪಪ್ಪ ಮಂಡಿಯೂರಿ ಮಳೆ ಕೊಡು ಅನ್ನುವರು. ಪಕ್ಕದಲ್ಲೇ ನಾನು ಕಣ್ಣು ಮುಚ್ಚಿ, ಮಳೆ ಬೇಡಪ್ಪಾ ದೇವರೇ, ಪ್ಲೀಸ್, ಅನ್ನುವೆ. ಒಂದೇ ಮನೆಯ ಎರಡು ಅರ್ಜಿ. ದೇವರ ಕಷ್ಟ ದೇವರಿಗೇ ಗೊತ್ತು.

"ಸ್ವಲ್ಪ ಇಟ್ಕೊಳ್ಳೋಣ ಮಾಯ್, ಒಂದೇ ಒಂದು ಎಲೆ," ಎಂದು ನಾನು ಅಂಗಲಾಚಿದರೂ ಅವಳು ಪೂರ್ತಿ ಗರಿಯನ್ನು ಚರ್ಚಿಗೆ ಕೊಟ್ಟುಬಿಡುತ್ತಿದ್ದಳು. "ವರ್ಷ ಪೂರ್ತಿ ಗರಿಗೇ ಕೆಲಸ ಕೊಟ್ಟಿದ್ದೀವಲ್ಲ ಪುತಾ. ಈ ನಲವತ್ತು ದಿನ ದೇವ್ರೂ ಸ್ವಲ್ಪ ದುಡೀಲಿ."

ಅಂಥ ಒಂದು ಮಧ್ಯಾಹ್ನ ಕ್ವಾರ್ಟರ್ಸ್ ಹಿಂದಿನ ಸಿಲ್ವರ್ ಓಕಿಗೆ ಸಿಡಿಲು ಬಡಿಯಿತು. ಮರ ತುದಿಯಿಂದ ಬುಡದವರೆಗೆ ಸೀಳಿತು. ಮನೆಯೊಳಗೆಲ್ಲ ಸುಟ್ಟ ವಾಸನೆ. ಮಾಯ್ ನನ್ನನ್ನು ಎಳೆದುಕೊಂಡು ಊಟದ ಮೇಜಿನ ಕೆಳಗೆ ಕೂತಳು. ಸೌಟಿಲ್ಲ, ಕೆಂಡವಿಲ್ಲ, ಎರಡು ಬರಿಗೈಗಳು ಮಾತ್ರ. ಅವು ನಡುಗುತ್ತಿದ್ದವು. ಮಾಯ್‌ಳ ಕೈಯೂ ನಡುಗುತ್ತದೆಂದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ.

"ಮಾಯ್, ನಿಂಗೂ ಹೆದ್ರಿಕೆನಾ?"

"ಇಲ್ಲ ಅಂದ್ರೆ ಸುಳ್ಳಾಗುತ್ತೆ. ತಪಸ್ಸುಕಾಲದಲ್ಲಿ ಸುಳ್ಳು ಹೇಳ್ಬಾರ್ದು," ಎಂದಳು. ಹೇಳಿ, ನನ್ನ ಕೈ ಬಿಡದೆ ಪ್ರಾರ್ಥನೆ ಮುಂದುವರಿಸಿದಳು. ಅವಳ ದನಿಯೂ ನಡುಗುತ್ತಿತ್ತು, ಆದರೆ ಒಂದು ಪದವನ್ನೂ ಬಿಡಲಿಲ್ಲ.

ಆಮೇಲೆ ನಾನು ಕಾನ್ವೆಂಟ್ ಬೋರ್ಡಿಂಗ್ ಸೇರಿದೆ. ಸೈನ್ಸ್ ಕಲಿಸುವ ಸಿಸ್ಟರ್, "ಲೈಟ್ನಿಂಗ್ ಈಸ್ ಓನ್ಲಿ ಎಲೆಕ್ಟ್ರಿಸಿಟಿ, ಗರ್ಲ್ಸ್," ಎಂದರು. ರಜೆಗೆ ಬಂದು ಆ ಓನ್ಲಿಯನ್ನು ಮಾಯ್‌ಗೆ ಒತ್ತಿ ಒತ್ತಿ ಹೇಳಿದೆ. "ಹಾಗಾದ್ರೆ ಕರೆಂಟ್ ಹೋದಾಗ ಸಿಡಿಲೂ ಹೋಗ್ಬೇಕಲ್ವಾ, ಮೇಡಮ್?" ಎಂದು ಅವಳು ಒಲೆ ಊದುತ್ತಲೇ ಕೇಳಿದಳು. ಮದುವೆಯಾದ ಮೇಲೆ ನನ್ನ ಭಕ್ತಿ ಅಟ್ಟದ ಮೇಲಿನ ದೊಡ್ಡ ಪಾತ್ರೆಯಂತಾಯಿತು. ಇದೆಯೆಂದು ಗೊತ್ತು, ಕ್ರಿಸ್ಮಸ್‌ಗೆ ಇಳಿಸುತ್ತಿದ್ದೆ.

ಆ ಆಗಸ್ಟ್ ಅದನ್ನೂ ಅಲುಗಾಡಿಸಿತು. ನಮ್ಮ ಮನೆಗೇನೂ ಆಗಲಿಲ್ಲ. ಆದರೆ ಎದುರಿನ ಬೆಟ್ಟ ಕಾಫಿ ಗಿಡಗಳ ಸಮೇತ, ನಿಂತವರು ಕೂತಷ್ಟು ಸಲೀಸಾಗಿ ಕೆಳಗಿಳಿದದ್ದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಅಂದಿನಿಂದ ಮಾಡಿನ ಮೇಲೆ ಮಳೆ ಜೋರಾದರೆ ನನಗೆ ಅನ್ನ ಇಳಿಯುವುದಿಲ್ಲ. ಜಪಸರ ಹೆಚ್ಚಾಯಿತು, ಉಪವಾಸ ಹೆಚ್ಚಾಯಿತು, ಗರಿ ಹೆಚ್ಚಾಯಿತು. ಪ್ಯಾರಿಷ್‌ನಲ್ಲಿ ಎಲ್ಲರೂ, "ಆಂಟಿಯ ಫೇತ್ ನೋಡಿ ಕಲೀಬೇಕು," ಅನ್ನುವರು. ನನಗೆ ಮಾತ್ರ ಅನುಮಾನ. ವಯಸ್ಸಿನ ಜೊತೆ ಬೆಳೆದದ್ದು ವಿಶ್ವಾಸವೋ, ಬರೀ ಭಯವೋ? ಈ ಒಂದು ಹಿಡಿ ಗರಿ ತೆಗೆದರೆ ಹಿಂದೆ ಏನಾದರೂ ಉಳಿದಿದೆಯೋ, ಇಲ್ಲವೋ? ನೀವು ನಗಬಹುದು. ಆದರೆ ಈ ವಯಸ್ಸಿನಲ್ಲಿ, ಇಲ್ಲ ಎಂಬ ಉತ್ತರ ಬಂದರೆ ಅದನ್ನಿಟ್ಟುಕೊಂಡು ಎಲ್ಲಿಗೆ ಹೋಗಲಿ, ಹೇಳಿ?

ಟೀನಾ ನೆಲದಲ್ಲಿ ಕೂತು ಗರಿಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದಳು. ಅವಳಿಗೂ ಗುಡುಗೆಂದರೆ ಪ್ರಾಣ ಹೋಗುತ್ತದೆ. ಗರಿ ಇದೆಯಲ್ಲ, ಹೆದರಬೇಡ ಎಂದು ನಾನೇ ಹೇಳಿ ಹೇಳಿ ಬೆಳೆಸಿದ್ದು. "ಇದೆಲ್ಲ ಕೊಟ್ಟ ಮೇಲೆ ಗುಡುಗಿದ್ರೆ?" ಎಂದಳು. ನಾನು ದಾರ ಹುಡುಕಿ ಗರಿಗಳನ್ನು ಕಟ್ಟತೊಡಗಿದೆ.

ಲೀನಾ ಪೇಪರಿನಿಂದ ತಲೆಯೆತ್ತಿ, "ಮಮ್ಮಿ, ಇಷ್ಟರಲ್ಲಿ ಇಡೀ ಪ್ಯಾರಿಷ್‌ಗೆ ಬೂದಿ ಆಗುತ್ತೆ. ಬೇರೆಯವ್ರು ತರೋದೇ ಬೇಡ," ಎಂದಳು.

ಮುಂದಿನ ಭಾನುವಾರ ಕಟ್ಟನ್ನು ಎದೆಗವಚಿಕೊಂಡು ಹೋದೆ. ಚರ್ಚಿನ ಬಾಗಿಲ ಬಳಿಯ ಬುಟ್ಟಿಯ ಮುಂದೆ ನನ್ನ ಬೆರಳು ಬಿಡಿಸಿಕೊಳ್ಳಲೇ ಇಲ್ಲ. ದೊಡ್ಡ ತ್ಯಾಗದ ಕ್ಷಣವೆಂದುಕೊಳ್ಳಬೇಡಿ. ಹಿಂದೆ ನಿಂತಿದ್ದ ಹೆಂಗಸು, "ಆಂಟಿ, ಸ್ವಲ್ಪ ಮುಂದೆ ಹೋಗ್ತೀರಾ?" ಎಂದಳು. ನಾಚಿಕೆಯಿಂದ ಬಿಟ್ಟೆ. ಬುಧವಾರ ಹಣೆಗೆ ಬೂದಿ ಬಿದ್ದಾಗ, ಇದರಲ್ಲಿ ನನ್ನ ಗರಿ ಎಷ್ಟಿರಬಹುದು ಎಂದು ಯೋಚಿಸಿದೆ.

ನಿನ್ನೆ ಮಧ್ಯಾಹ್ನ ಹೂಮಳೆ ಬಂತು. ಮೊದಲು ಗಾಳಿ, ಆಮೇಲೆ ಹಗಲಲ್ಲೇ ಕತ್ತಲೆ, ಕರೆಂಟ್ ಹೋಯಿತು. ಸಿಡಿಲು ಮಾತ್ರ ಹೋಗಲಿಲ್ಲ, ಮಾಯ್ ಗೆದ್ದಳು. ಲೀನಾ ಇನ್ನೂ ಸ್ಕೂಲಿನಿಂದ ಬಂದಿರಲಿಲ್ಲ. ಟೀನಾ ಓಡಿ ಬಂದು ನನ್ನ ಮಡಿಲಿಗೆ ಬಿದ್ದಳು. ನನ್ನ ಕಣ್ಣು ತಾನಾಗಿ ಗೋಡೆಗೆ ಹೋಯಿತು. ಅಲ್ಲಿ ಗರಿಯಿಲ್ಲ.

"ಅಜ್ಜೀ, ನಿನ್ ಕೈ ಯಾಕೆ ಹೀಗೆ ಅಲ್ಲಾಡ್ತಿದೆ?"

'ನಥಿಂಗ್ ಡಿಯರ್, ಚಳಿ' ಎಂಬ ಮಾತು ಕಾನ್ವೆಂಟ್ ಇಂಗ್ಲಿಷಿನಲ್ಲಿ ನಾಲಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ. "ಹೆದ್ರಿಕೆ ಕಂದಾ. ತುಂಬಾ."

ಅವಳು ನನ್ನ ಎರಡೂ ಕೈಗಳನ್ನು ತನ್ನ ಪುಟ್ಟ ಕೈಗಳಲ್ಲಿ ಒತ್ತಿ ಹಿಡಿದು, "ಸರಿ, ಹಾಗಾದ್ರೆ ಇಬ್ರೂ ಪ್ರೇಯರ್ ಹೇಳೋಣ, ನೀನು ಸ್ಟಾರ್ಟ್ ಮಾಡು," ಎಂದಳು. ಶುರುಮಾಡಿದೆ. ಇಂಗ್ಲಿಷಿನ ಪ್ರಾರ್ಥನೆಯಲ್ಲ, ಎಷ್ಟೋ ವರ್ಷದಿಂದ ನಾಲಗೆಗೆ ಬಾರದ ಮಾಯ್‌ಳ ಕೊಂಕಣಿಯದು. ದನಿ ನಡುಗುತ್ತಿತ್ತು. ಯಾವ ಪದವೂ ಬಿಟ್ಟುಹೋಗಲಿಲ್ಲ.

ಇನ್ನೊಂದು ಮಿಂಚು, ಇನ್ನೂ ಹತ್ತಿರ. ಆ ಬೆಳಕಿನಲ್ಲಿ ಶಿಲುಬೆ ಕಂಡಿತು. ಈಗ ಅದು ವಾಲಿಲ್ಲ. ಗೋಡೆಗೆ ಬೆನ್ನು ತಾಗಿಸಿ ನೇರವಾಗಿ ಕೂತಿದೆ, ಬರಿಗೈಯಲ್ಲಿ, ನಮ್ಮ ಹಾಗೆಯೇ.