ಕಂಬದ ತಲೆಗೊಂದು ಜುಟ್ಟು

ಬೆಳಗಿನ ಆರು ಗಂಟೆ. ಮನಃಶಾಸ್ತ್ರ ವಿಭಾಗದ ಕಟ್ಟಡದಲ್ಲಿ ಕಾವಲುಗಾರನನ್ನು ಬಿಟ್ಟರೆ ಇನ್ನೂ ಯಾರೂ ಬಂದಿಲ್ಲ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಮಾತ್ರ ದೀಪ ಹತ್ತಿದೆ. ಕೋಣೆ ಎಂದರೆ ಹೆಚ್ಚಾಯಿತು. ಒಂದು ಮೇಜು, ಕಂಪ್ಯೂಟರು, ಎರಡು ಕುರ್ಚಿ ಇಟ್ಟ ಮೇಲೆ ಮೂರನೆಯವರು ಬಂದರೆ ಒಬ್ಬರು ಎದ್ದು ಹೊರಗೆ ನಿಲ್ಲಬೇಕು. ಅಲ್ಲಿ ಐವತ್ತೆಂಟು ವರ್ಷದ ಹೆಂಗಸೊಬ್ಬರು ಕಂಪ್ಯೂಟರಿನ ಪರದೆಗೇ ಉಕ್ಕಿನ ಅಳತೆಪಟ್ಟಿ ಒತ್ತಿ ಹಿಡಿದು ಏನನ್ನೋ ಅಳೆಯುತ್ತಿದ್ದಾರೆ. ಒಮ್ಮೆ ಅಳೆದು ಸಮಾಧಾನವಾಗದೆ ಮತ್ತೊಮ್ಮೆ ಅಳೆಯುತ್ತಾರೆ.

ಪರದೆಯ ಮೇಲಿರುವುದು ನಾಲ್ಕು ಕಂಬಗಳ ಒಂದು ನಕ್ಷೆ. ಪ್ರತಿ ಕಂಬದ ತಲೆಯ ಮೇಲೂ ಒಂದು ಸಣ್ಣ ಕಡ್ಡಿಗೆರೆ. ಓದಿದವರು ಅದನ್ನು ಎರರ್ ಬಾರ್ ಎನ್ನುತ್ತಾರೆ. ಇವರ ಬಾಯಲ್ಲಿ ಅದು ಜುಟ್ಟು. ಇವರಿಂದಾಗಿ ಈಗ ಇಡೀ ವಿಭಾಗದ ಬಾಯಲ್ಲೂ ಜುಟ್ಟೇ. ಮೂವತ್ತೆರಡು ವರ್ಷಗಳಿಂದ ಇಲ್ಲಿನ ಸಂಶೋಧನೆಗಳಿಗೆಲ್ಲ ನಕ್ಷೆ ಬರೆದುಕೊಟ್ಟವರು ಇವರೇ. ವಿದ್ಯಾರ್ಥಿಗಳಿಂದ ಹಿಡಿದು ಮುಖ್ಯಸ್ಥರವರೆಗೆ ಎಲ್ಲರೂ ಕರೆಯುವುದು ಗೆರೆಯಕ್ಕ ಎಂದೇ.

ಈ ನಕ್ಷೆ ನಿನ್ನೆ ಸಂಜೆ ಬಂದದ್ದು. ಕಳಿಸಿದವಳು ಮೂರು ವರ್ಷದಿಂದ ಇಲ್ಲಿ ದುಡಿಯುತ್ತಿರುವ ಸಂಶೋಧಕಿ. ಒಮ್ಮೆ ಜಾರಿ ಬಿದ್ದ ಹಿರಿಯರಿಗೆ ಮತ್ತೆ ಬಿದ್ದೇವೆಂಬ ಹೆದರಿಕೆ ಹೊಕ್ಕುಬಿಡುತ್ತದೆ. ಕಾಲು ಸರಿಹೋದರೂ ಹಾಸಿಗೆ ಬಿಟ್ಟು ಏಳುವುದಿಲ್ಲ. ಅಂಥ ನಲವತ್ತೆಂಟು ಜನರಲ್ಲಿ ಅರ್ಧ ಜನಕ್ಕೆ ಗುಂಪಿನಲ್ಲಿ ಕೂರಿಸಿ, ಉಳಿದರ್ಧಕ್ಕೆ ಒಬ್ಬೊಬ್ಬರನ್ನೇ ಮಾತಾಡಿಸಿ ಧೈರ್ಯ ತುಂಬಿದ್ದಾಳೆ. ಹೆದರಿಕೆಗೆ ನಲವತ್ತರಲ್ಲಿ ಅಂಕ; ಎರಡೂ ಕಡೆಯವರಿಗೆ ಚಿಕಿತ್ಸೆಗೆ ಮೊದಲೊಂದು ಕಂಬ, ಆಮೇಲೊಂದು ಕಂಬ. ಒಬ್ಬೊಬ್ಬರಾಗಿ ಮಾತಾಡಿದವರ ಸರಾಸರಿ ಇಪ್ಪತ್ತೆಂಟರಿಂದ ಇಪ್ಪತ್ತಕ್ಕೆ ಇಳಿದಿದೆ. ಗುಂಪಿನವರದು ಅದೇ ಇಪ್ಪತ್ತೆಂಟರಿಂದ ಹದಿನೇಳಕ್ಕೇ ಇಳಿದಿದೆ. ಗುಂಪೇ ಗೆದ್ದಿತು ಎನ್ನುವಂತಿದೆ ಚಿತ್ರ. ಇಂದು ಹನ್ನೊಂದಕ್ಕೆ ಚಿಕಿತ್ಸಾ ಕೇಂದ್ರದ ಸಮಿತಿ ಇದೇ ನಕ್ಷೆ ನೋಡಿ, ಮುಂದಿನ ತಿಂಗಳಿಂದ ಒಬ್ಬೊಬ್ಬರ ಚಿಕಿತ್ಸೆ ನಿಲ್ಲಿಸಿ ಎಲ್ಲರನ್ನೂ ಗುಂಪಿಗೇ ಹಾಕಬೇಕೇ ಎಂದು ತೀರ್ಮಾನಿಸಲಿದೆ. ‘ಅಕ್ಕಾ, ಬಣ್ಣ ಸ್ವಲ್ಪ ಸರಿಮಾಡಿ ಕೊಡಿ ಸಾಕು’ ಎಂದಷ್ಟೇ ಸಂಶೋಧಕಿಯ ಚೀಟಿಯಲ್ಲಿದೆ.

ಗೆರೆಯಕ್ಕನ ಕಣ್ಣು ಬಣ್ಣದ ಮೇಲಿಲ್ಲ. ನಾಲ್ಕು ಕಂಬದ ಜುಟ್ಟೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಒಂದೇ ಉದ್ದಕ್ಕಿವೆ. “ನಾಲ್ಕು ಕಡೆ ಬೇರೆಬೇರೆ ಜನ, ಬೇರೆಬೇರೆ ದಿನ. ಎಲ್ರಿಗೂ ಅಳತೆ ಹಿಡಿದು ಕತ್ತರಿಸಿದ ಹಾಗೆ ಒಂದೇ ಜುಟ್ಟು ಹ್ಯಾಗೆ ಬರುತ್ತೆ? ಕಂಪ್ಯೂಟರಿಗೆ ಜುಟ್ಟು ಹಾಕಪ್ಪಾ ಅಂದ್ರೆ ತನಗೆ ತೋಚಿದ್ದನ್ನ ಎಲ್ಲದರ ಮೇಲೂ ಅಂಟಿಸಿಬಿಡುತ್ತೆ. ಅದಕ್ಕೇನು, ಅದಕ್ಕೆ ಅಜ್ಜ ಅಜ್ಜಿ ಇದಾರಾ?” ಎನ್ನುತ್ತಾ ಸಂಶೋಧಕಿಗೆ ಫೋನು ಮಾಡುತ್ತಾರೆ. ಆರೂವರೆಗೆ ಎಬ್ಬಿಸಿದ್ದಕ್ಕೆ ಬೈಸಿಕೊಳ್ಳಲೂ ಸಿದ್ಧವಾಗಿಯೇ.

ಇವರು ಇಲ್ಲಿಗೆ ಬಂದದ್ದು ಮೂರೇ ತಿಂಗಳ ಕೆಲಸಕ್ಕೆ. ಆಗಿದ್ದ ನಕ್ಷೆಗಾರರಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿತ್ತು. ಮನೆ ಕಟ್ಟುವ ಮೇಸ್ತ್ರಿಯೊಬ್ಬರ ಕಚೇರಿಯಲ್ಲಿ ಗೋಡೆ, ಕಿಟಕಿ ಬರೆದುಕೊಂಡಿದ್ದ ಹುಡುಗಿಯನ್ನು ಯಾರೋ ಕರೆತಂದರು. ನಕ್ಷೆಗಾರರು ಮರಳಲಿಲ್ಲ, ಇವರು ಹೋಗಲಿಲ್ಲ. ಕೆಲಸ ಕಾಯಂ ಆಗಲು ಹದಿನಾಲ್ಕು ವರ್ಷ ಬೇಕಾಯಿತು. ಅಷ್ಟೂ ವರ್ಷ ಪ್ರತಿ ಮಾರ್ಚಿನಲ್ಲಿ ಮನೆಗೆ ಕಳಿಸಿ, ಪ್ರತಿ ಜೂನಿನಲ್ಲಿ ಮತ್ತೆ ಕರೆಯುತ್ತಿದ್ದರು. ನಡುವೆ ಬಲಗೈ ಮಣಿಕಟ್ಟು ಮುರಿದು ಪೆನ್ನು ಹಿಡಿಯಲಾಗದೆ ಹೋದಾಗ ಎಡಗೈಯಲ್ಲಿ ಮೌಸ್ ಹಿಡಿದು ಕಂಪ್ಯೂಟರು ಕಲಿತರು. “ಆಗ ನನ್ನ ಕಂಬಗಳೆಲ್ಲ ಕುಡಿದವರ ಹಾಗೆ ವಾಲ್ತಿದ್ವು,” ಎಂದು ನಗುತ್ತಾರೆ.

ಜುಟ್ಟಿನ ಪಾಠ ಕಲಿತದ್ದು ಮಾತ್ರ ನಗುವ ಸಂಗತಿಯಲ್ಲ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಒಂದು ನಕ್ಷೆಯಲ್ಲಿ ಕಡ್ಡಿಗೆರೆ ಉದ್ದವಾಗಿ ಮೇಲಿನ ಶೀರ್ಷಿಕೆಗೇ ತಾಗುತ್ತಿತ್ತು. ನೋಡಲು ಚೆನ್ನಾಗಿಲ್ಲವೆಂದು ಅರ್ಧ ಬೆರಳಿನಷ್ಟು ಅಳಿಸಿಬಿಟ್ಟರು. ಪಕ್ಕದ ಕಿಟಕಿಗೆ ಹೊಂದುವಂತೆ ಕಿಟಕಿ ಬರೆದು ರೂಢಿಯಿದ್ದ ಕೈ ಅದು. ಆ ಪ್ರಬಂಧ ಅಚ್ಚಾಯಿತು. ಆಗ ವಿಭಾಗವನ್ನು ನಡೆಸುತ್ತಿದ್ದ ದೊಡ್ಡ ಮೇಡಂ ಅದನ್ನು ಕಂಡು ಇವರನ್ನು ಕರೆಸಿದರು.

“ಕೆಲಸ ಹೋಯ್ತು ಅಂದ್ಕೊಂಡೆ. ಮೇಡಂ ಬಾಗಿಲು ಹಾಕ್ಕೊಂಡು ಬಾ, ಕೂತ್ಕೋ ಅಂದ್ರು. ನಿಮ್ಮ ಯಜಮಾನರು ಬಸ್ಸು ಓಡಿಸ್ತಾರಲ್ವಾ, ಎರಡು ಬಸ್ಸಿದೆ ಅಂದ್ಕೋ, ಎರಡೂ ಸರಾಸರಿ ಹತ್ತು ನಿಮಿಷ ತಡ. ಒಂದು ದಿನಾ ಹತ್ತೇ ನಿಮಿಷ ತಡ. ಇನ್ನೊಂದು ಒಂದಿನ ಸಮಯಕ್ಕೆ ಸರಿಯಾಗಿ, ಒಂದಿನ ಇಪ್ಪತ್ತು ನಿಮಿಷ ಲೇಟು. ನೀನು ಯಾವುದನ್ನ ನಂಬ್ಕೊಂಡು ಮನೆ ಬಿಡ್ತೀಯ ಅಂತ ಕೇಳಿದ್ರು. ಮೊದಲನೇದು ಅಂದೆ. ನೀನು ಅಳಿಸಿದ್ದು ಆ ವ್ಯತ್ಯಾಸಾನಮ್ಮ, ಬರೀ ಗೆರೆ ಅಲ್ಲ ಅಂದ್ರು.” ಇಷ್ಟು ಹೇಳಿ ಅವರು ಕನ್ನಡಕ ತೆಗೆದು ಒರೆಸುತ್ತಾರೆ. “ನಮ್ಮೆಜಮಾನ್ರ ಬಸ್ಸು ಎರಡನೇ ಜಾತಿದು, ಅದನ್ನ ಮಾತ್ರ ಹೇಳಲಿಲ್ಲ.”

ತಿದ್ದುಪಡಿಯ ಪತ್ರವನ್ನು ಮೇಡಂ ತಮ್ಮ ಹೆಸರಿನಲ್ಲೇ ಬರೆದರು. ತಪ್ಪು ಯಾರದೆಂದು ಎಲ್ಲೂ ಬಾಯಿ ಬಿಡಲಿಲ್ಲ. ಆಮೇಲೆ ಒಂದು ವರ್ಷ, ದಿನಾ ಚಹಾದ ಹೊತ್ತಿನಲ್ಲಿ ಇಪ್ಪತ್ತು ನಿಮಿಷ ಲೆಕ್ಕ ಹೇಳಿಕೊಟ್ಟರು. ಇವರು ಓದಿದ್ದು ಹತ್ತನೇ ತರಗತಿ. “ಅವರ ಋಣ ಈ ಜನ್ಮದಲ್ಲಿ ತೀರಲ್ಲ. ಬೈದು ಕಳಿಸಿದ್ರೆ ಬೈಸಿಕೊಂಡು ಮರೀತಿದ್ದೆ. ಕೂರಿಸಿ ಕಲಿಸಿದ್ರು, ಮರೆಯಕ್ಕಾಗಲ್ಲ.”

ಅಂದಿನಿಂದ ಈ ಮೇಜಿನ ಮೇಲೆ ಮೂರು ಕಾನೂನು. ಕಂಬ ಸೊನ್ನೆಯಿಂದಲೇ ಏಳಬೇಕು. ಬುಡ ಕತ್ತರಿಸಿದರೆ ಇಲಿಯೂ ಹುಲಿಯಾಗಿ ಕಾಣುತ್ತದೆ. ಜುಟ್ಟು ಅದರದರ ಲೆಕ್ಕದಿಂದಲೇ ಬರಬೇಕು. ಮತ್ತು ಅದು ಯಾವ ಜುಟ್ಟೆಂದು ಕೆಳಗೆ ಬರೆಯಲೇಬೇಕು: ಜನರಿಂದ ಜನಕ್ಕೆ ಎಷ್ಟು ವ್ಯತ್ಯಾಸವಿದೆ ಎಂದು ಹೇಳುವುದು ಒಂದು, ಸರಾಸರಿಯನ್ನು ಎಷ್ಟು ನಂಬಬಹುದು ಎಂದು ಹೇಳುವುದು ಇನ್ನೊಂದು. ಎರಡನೆಯದು ಯಾವಾಗಲೂ ಗಿಡ್ಡ, ಹಾಗಾಗಿ ಎಲ್ಲರಿಗೂ ಅದರ ಮೇಲೇ ಪ್ರೀತಿ. ದಿನಕ್ಕೆ ಆರು ನಕ್ಷೆ, ಪ್ರಬಂಧ ಒಪ್ಪಿಸುವ ತಿಂಗಳಲ್ಲಿ ಹದಿನೈದು. ಹೋದ ವರ್ಷ ಹಿಂದಕ್ಕೆ ಕಳಿಸಿದ್ದು ಇನ್ನೂರ ಹನ್ನೆರಡು. ಮುಖ್ಯಸ್ಥರದೇ ಮೂರು. “ಅವ್ರು ಸಿಟ್ಟಾಗ್ತಾರೆ, ಆಮೇಲೆ ಸರಿ ಮಾಡ್ಕೊಂಡು ಬರ್ತಾರೆ. ದೊಡ್ಡವರು,” ಎನ್ನುವಾಗ ಅಕ್ಕನ ಮುಖದಲ್ಲಿ ತುಂಟತನ ಇಣುಕುತ್ತದೆ.

ಏಳೂಕಾಲಿಗೆ ಸಂಶೋಧಕಿ ಓಡಿಬರುತ್ತಾಳೆ. ತಲೆ ಬಾಚಿಲ್ಲ, ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ.

“ಅಕ್ಕಾ, ಹನ್ನೊಂದಕ್ಕೆ ಮೀಟಿಂಗು. ಈಗ ಇದನ್ನ ಕೆದಕಲೇಬೇಕಾ? ಸರಾಸರಿ ಸರಿಯಾಗೇ ಇದೆಯಲ್ಲ.”

“ಸರಾಸರಿ ಸರಿ ಇದೆ ಪುಟ್ಟಿ. ಅದರ ತಲೆ ಮೇಲಿರೋದು ಸುಳ್ಳು. ನಲವತ್ತೆಂಟು ಜನರ ಅಂಕಿ ಕೊಡು, ಹತ್ತು ನಿಮಿಷ.”

ಹತ್ತು ನಿಮಿಷ ಹಿಡಿಯುವುದಿಲ್ಲ. ಒಬ್ಬೊಬ್ಬರಾಗಿ ಮಾತಾಡಿದವರ ಕಂಬದ ಮೇಲೆ ಪುಟ್ಟ ಜುಟ್ಟು ಕೂರುತ್ತದೆ, ಆಚೆ ಮೂರು ಅಂಕ, ಈಚೆ ಮೂರು ಅಂಕ. ಗುಂಪಿನ ಕಂಬದ ಮೇಲೆ ಏಳುವುದು ಎಂಟು ಅಂಕದ್ದು. ಗೆದ್ದ ಕಂಬವೇ ಈಗ ಅನುಮಾನ ಹುಟ್ಟಿಸುವಂತಿದೆ. ಹುಡುಗಿಯ ಮುಖ ಸಣ್ಣಗಾಗುತ್ತದೆ. ಮೂರು ವರ್ಷದ ದುಡಿಮೆ, ಸಮಿತಿಯಲ್ಲಿ ಎದುರು ಕೂರುವವರು ಕಡ್ಡಿ ಮುರಿದಂತೆ ಮಾತಾಡುವವರು. ನಿನ್ನೆಯ ಒಂದೇ ಅಳತೆಯ ಜುಟ್ಟನ್ನೇ ಹಾಕಿಕೊಂಡು ಹೋದರೆ ಯಾರಿಗೂ ತಿಳಿಯುವುದಿಲ್ಲ. ಅದು ಇಬ್ಬರಿಗೂ ಗೊತ್ತು.

ಅಕ್ಕ ಉಪದೇಶ ಮಾಡುವುದಿಲ್ಲ. ತಾವು ಗೆರೆ ಅಳಿಸಿದ ಕಥೆಯನ್ನು ನಾಲ್ಕು ಮಾತಲ್ಲಿ ಹೇಳಿ, “ಇಷ್ಟು ಉದ್ದ ಬಂದಿದೆ ಅಂದ್ರೆ ಒಳಗೆ ಯಾರೋ ಇದಾರೆ. ಯಾರು ಅಂತ ನೋಡಣ ಬಾ,” ಎನ್ನುತ್ತಾರೆ. ಇಬ್ಬರೂ ಗುಂಪಿನ ಇಪ್ಪತ್ನಾಲ್ಕು ಜನರ ಪಟ್ಟಿಯ ಮೇಲೆ ಬೆರಳಿಟ್ಟು ಕೆಳಗಿಳಿಯುತ್ತಾರೆ. ಹದಿನೆಂಟು ಜನಕ್ಕೆ ಹೆದರಿಕೆ ಅರ್ಧಕ್ಕಿಂತ ಕೆಳಗಿಳಿದಿದೆ. ಆರು ಜನಕ್ಕೆ ಮೊದಲಿಗಿಂತ ಏರಿದೆ. ಆ ಆರು ಹಾಳೆಗಳನ್ನು ಸಂಶೋಧಕಿ ಚೀಲದಿಂದ ಹೊರತೆಗೆಯುತ್ತಾಳೆ. ಮೊದಲನೆಯದರಲ್ಲಿ ಅವಳದೇ ಕೈಬರಹ: ಕಿವಿ ಮಂದ. ಎರಡನೆಯದರಲ್ಲೂ ಅದೇ. ಐದನೆಯದರ ಹೊತ್ತಿಗೆ ಅವಳು ಕುರ್ಚಿಗೆ ಒರಗಿ ಕೂತುಬಿಡುತ್ತಾಳೆ.

“ಗುಂಪಿನಲ್ಲಿ ಎಲ್ಲರೂ ನಗೋವಾಗ ಇವರು ಸುಮ್ಮನೆ ಕೂತಿರ್ತಿದ್ರು ಅಕ್ಕ. ನಾನು ನೋಡಿದೀನಿ. ಸಂಕೋಚ ಅಂದ್ಕೊಂಡಿದ್ದೆ.”

ಉದ್ದ ಜುಟ್ಟಿನ ನಕ್ಷೆಯೇ ಸಮಿತಿಗೆ ಹೋಗುತ್ತದೆ, ಆರು ಜನರ ಹಾಳೆಯೂ ಜೊತೆಗೆ. ಅಕ್ಕನಿಗೆ ಆ ದಿನ ಕೆಲಸ ಓಡುವುದಿಲ್ಲ. ಮಧ್ಯಾಹ್ನ ಎರಡಕ್ಕೆ ಫೋನು. ಮೊದಲು ಬರೀ ಬಿಕ್ಕುವ ಸದ್ದು. ಆಮೇಲೆ ಮಾತು. ಗುಂಪು ಮುಂದುವರಿಯುತ್ತದೆ, ಒಬ್ಬೊಬ್ಬರ ಚಿಕಿತ್ಸೆಯೂ ನಿಲ್ಲುವುದಿಲ್ಲ. ಇನ್ನು ಮೇಲೆ ಬಂದವರಿಗೆಲ್ಲ ಮೊದಲು ಕಿವಿ ಪರೀಕ್ಷೆ. ಆ ಆರು ಜನರನ್ನು ಸೋಮವಾರದಿಂದಲೇ ಮತ್ತೆ ಕರೆಯುತ್ತಾರೆ, ಒಬ್ಬೊಬ್ಬರನ್ನಾಗಿ. ಕಡ್ಡಿ ಮುರಿದಂತೆ ಮಾತಾಡುವವರೊಬ್ಬರು ಎದ್ದು ನಿಂತು, ಇದನ್ನು ಮುಚ್ಚಿಡದೆ ತಂದಿದ್ದಕ್ಕೆ ನಿಮಗೆ ಕೃತಜ್ಞ ಎಂದರಂತೆ. “ಅದು ನಿಮಗೆ ಸೇರಬೇಕಾದ್ದು ಅಕ್ಕ, ಪ್ರಬಂಧದಲ್ಲಿ ನಿಮ್ಮ ಹೆಸರು ಹಾಕ್ತೀನಿ,” ಎನ್ನುತ್ತಾಳೆ ಹುಡುಗಿ. ಮೂವತ್ತೆರಡು ವರ್ಷದಲ್ಲಿ ಇಲ್ಲಿಂದ ಹೊರಟ ಪ್ರಬಂಧಗಳಲ್ಲಿ ಒಂದರಲ್ಲೂ ಇವರ ಹೆಸರಿಲ್ಲ.

“ಹಾಕೋದಾದ್ರೆ ದೊಡ್ಡ ಮೇಡಂ ಹೆಸರು ಹಾಕು,” ಎಂದು ಫೋನಿಡುತ್ತಾರೆ. ಇನ್ನೆರಡು ವರ್ಷಕ್ಕೆ ನಿವೃತ್ತಿ. ನಿಮಗಾಗಿ ಏನೂ ಬೇಡವೇ ಎಂದು ಕೇಳಿದರೆ ಉಕ್ಕಿನ ಅಳತೆಪಟ್ಟಿಯನ್ನು ಒರೆಸಿ ಮೇಜಿನ ಮೇಲಿಡುತ್ತಾರೆ.

“ಇಷ್ಟು ವರ್ಷ ಕಂಬ ಎಳೆದೆ. ಕಂಬದೊಳಗಿರೋ ಒಬ್ಬರ ಮುಖಾನೂ ಕಂಡಿಲ್ಲ. ಸೋಮವಾರ ಅವ್ರು ಬರ್ತಾರಲ್ಲ, ಆ ಆರು ಜನ. ಒಂದೆರಡು ತಿಂಗಳು ಕಳೀಲಿ. ಅವರಲ್ಲಿ ಒಬ್ಬರು, ಒಬ್ಬರೇ ಸಾಕು, ಯಾರ ಕೈಯೂ ಹಿಡಿಯದೆ ಗೇಟಿನ ತನಕ ನಡ್ಕೊಂಡು ಹೋಗೋದನ್ನ ನೋಡ್ಬೇಕು. ಮಾತಾಡ್ಸಲ್ಲ. ನಾನು ಯಾರು ಅಂತ ಅವರಿಗೆ ಗೊತ್ತಾಗೋದೂ ಬೇಡ.”